ನಮ್ಮ ಹಟ್ಟಿಯ ಎರಡು ಕ್ರೆಡಿಟ್

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪಂಥ ಕಟ್ಟುತ್ತೀರಾ? ಕಟ್ಟಿ. ಸೋತವರು ನಮ್ಮ ಕುರಿಹಟ್ಟಿಯ ಹಿಕ್ಕಿ ಬಳಿಯಬೇಕು, ಅಷ್ಟೇ.

ಗಡಿಯಾಚೆ ಮರಾಠಿ ರಾಜ್ಯದಲ್ಲಿರುವ ಮಾಡಗ್ಯಾಳದ ಕುರಿಗಾರರ ಮನೆಯಲ್ಲಿ ಹುಟ್ಟಿ, ಕನ್ನಡ ಸಾಲಿಯಲ್ಲಿ ಓದಿ, ಹನ್ನೆರಡನೆಯದರಲ್ಲಿ ನಮ್ಮ ಓಣಿಗೇ ಮೊದಲಿಗನಾಗಿ ಬಂದವನು ನಾನು. ಆ ವರ್ಷ ಓಣಿಯಲ್ಲಿ ಪರೀಕ್ಷೆಗೆ ಕೂತವರು ಎಷ್ಟು ಮಂದಿ ಅಂತ ಕೇಳಬೇಡಿ. ಮೊದಲಿಗ ಅಂದರೆ ಮೊದಲಿಗನೇ. ನನಗೆ ಬೇಕಾದದ್ದು ಒಂದೇ, ಊರ ಹೊಲಗಳ ಲೆಕ್ಕ ಬರೆಯುವ ತಲಾಠಿಯ ಕುರ್ಚಿ. ಹೊಲದ ಉತಾರದ ಕಾಗದ ಕೇಳಲು ಹೋದ ನಮ್ಮಪ್ಪ, ತಲಾಠಿಯ ಮುಂದೆ ತಲೆಯ ಪಟಕಾ ತೆಗೆದು ಕೈಯಲ್ಲಿ ಹಿಡಿದು ನಿಂತದ್ದನ್ನು ಸಣ್ಣವನಿದ್ದಾಗ ನೋಡಿದ್ದೆ. ಆ ಕುರ್ಚಿಯಲ್ಲಿ ನಾನು ಕೂಡಬೇಕು ಅಂತ ಅವತ್ತೇ ಠರಾಯಿಸಿದೆ. ಊರಿಗೆಲ್ಲ ಹೇಳಿಯೂ ಬಿಟ್ಟೆ. ಕಾಲೇಜಿಗೆ ಹೋಗುವ ಮೊದಲೇ ಜನ ನನ್ನನ್ನು ತಲಾಠಿ ಅಂತ ಕರೆಯತೊಡಗಿದ್ದರು.

ತಲಾಠಿಯಾಗಲು ಪದವಿ ಬೇಕು. ಪದವಿಗೆ ಕ್ರೆಡಿಟ್ ಬೇಕು. ಕ್ರೆಡಿಟ್ಟಿಗೆ ಏನೇನು ಬೇಕು ಅನ್ನುವುದು ಮಾತ್ರ ನಮ್ಮ ಕಾಲೇಜಿನಲ್ಲಿ ಕಲಿಸುವವರಿಗೂ ಪೂರಾ ತಿಳಿದಿರಲಿಲ್ಲ. ಅದಕ್ಕೇ ಅಲ್ಲಿ ಈಗ ಹೇಳುವಂಥವು ದಿನಾ ಒಂದಿಲ್ಲೊಂದು ನಡೆಯುತ್ತಲೇ ಇರುತ್ತವೆ.

೧. ಹಿಂಡಿನ ಲೆಕ್ಕ

ಕಾಲೇಜಿಗೆ ಹೆಸರು ಹಚ್ಚಲು ಅಪ್ಪನ ಜೊತೆ ತಾಲೂಕಿನ ಊರು ಜತ್ತಕ್ಕೆ ಹೋದೆ. ಮೇಜಿನ ಹಿಂದೆ ಕೂತ ಸರ್ ಬೆರಳು ಮಡಚುತ್ತ ಹೇಳಿದರು: "ಮೇಜರ್ ಒಂದು, ಮೈನರ್ ಒಂದು, ಓಪನ್ ಇಲೆಕ್ಟಿವ್ ಒಂದು. ಭಾಷಾಕ್ಕ ಬ್ಯಾರೆ, ಕೌಶಲ್ಯಕ್ಕ ಬ್ಯಾರೆ, ಕ್ರೀಡಾಕ್ಕ ಬ್ಯಾರೆ. ಎಲ್ಲಾ ಕೂಡಿ ಮೂರು ವರ್ಷಕ್ಕ ನೂರಾ ಮೂವತ್ತೆರಡು ಕ್ರೆಡಿಟ್."

"ಅಷ್ಟ ಏನ್ರಿ ಸರ? ಎರಡು ವರ್ಷದಾಗ ಹೊಡದ ಒಗೀತೀನಿ," ಅಂದೆ ನಾನು.

ಅಪ್ಪ ನನ್ನನ್ನು ಹಿಂದೆ ಸರಿಸಿ ಮುಂದೆ ಬಂದ. "ಅಂವಂದ ಬಿಡ್ರಿ. ಒಟ್ಟು ಲೆಕ್ಕ ತುಂಬಿದ್ರ ಸಾಕೇನ್ರಿ?"

"ಸಾಲೂದಿಲ್ಲ ಕಾಕಾ. ಒಂದೊಂದು ಖಾನೆದಾಗೂ ಅದರದರ ಲೆಕ್ಕ ತುಂಬಬೇಕು. ಇದರಾಗ ಹೆಚ್ಚಾದದ್ದು ತಗದು ಅದರಾಗ ಹಾಕಾಕ ಬರೂದಿಲ್ಲ."

"ಅಂದ್ರ ಹಿಂಡಿನಾಗ ನೂರು ಕುರಿ ಇದ್ರೂ ಟಗರ ಒಂದ ಇಲ್ಲಂದ್ರ ಮರಿ ಆಗೂದಿಲ್ಲ. ಹಂಗೇನ್ರಿ?"

ಸರ್ ಕುರ್ಚಿಯಿಂದ ಅರ್ಧ ಎದ್ದರು. "ಬರೋಬ್ಬರಿ ಹಂಗ ನೋಡ್ರಿ!" ಮುಂಜಾನೆಯಿಂದ ತಮಗೇ ತಿಳಿಯದ್ದು ಈಗ ತಿಳಿದಂತೆ ಇತ್ತು ಅವರ ಮುಖ. ಅಲ್ಲಿಂದ ಮುಂದೆ ಬಂದವರಿಗೆಲ್ಲ ಇದೇ ದೃಷ್ಟಾಂತ. ಸಂಜೆಯ ಹೊತ್ತಿಗೆ ಪೇಟೆಯ ಕಿರಾಣಿ ಅಂಗಡಿಯವರು ಮಗಳನ್ನು ಕರೆದುಕೊಂಡು ಬಂದರಂತೆ. ಸರ್ ಆ ಹುಡುಗಿಗೆ, "ಎಲ್ಲಾ ಅದ ಖರೆ, ಟಗರ ಎಲ್ಲೈತವಾ ನಿಂದು?" ಅಂದುಬಿಟ್ಟರು. ಮರುದಿನ ಆ ಮೇಜಿನ ಹಿಂದೆ ಬೇರೆ ಸರ್ ಕೂತಿದ್ದರು.

೨. ಕನ್ನಡದಾಗ ನಗಬ್ಯಾಡ

ಭಾಷೆಯ ಖಾನೆಯಲ್ಲಿ ಕನ್ನಡವೂ ಇತ್ತು, ಕಾಗದದ ಮೇಲೆ. ಕಲಿಸುವವರು ರಿಟೈರ್ ಆಗಿದ್ದರು, ಅವರ ಕುರ್ಚಿಯ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳ ಗಂಟು ಕೂತಿತ್ತು. ಗಂಟು ಪಾಠ ಮಾಡುವುದಿಲ್ಲವಲ್ಲ, ಹಾಗಾಗಿ ನಾವೆಲ್ಲ ಮರಾಠಿ ತೆಗೆದುಕೊಂಡೆವು. ನನಗೇನು, ಎರಡೂ ಭಾಷೆಯಲ್ಲಿ ಜಗಳ ಮಾಡಬಲ್ಲೆ.

ಮರಾಠಿಯ ಸರ್ ಭಾಳ ಕಡಕ್. ತರಗತಿಯಲ್ಲಿ ಮರಾಠಿ ಬಿಟ್ಟು ಬೇರೆ ಮಾತು ಕಿವಿಗೆ ಬಿದ್ದರೆ ಹೊರಗೆ ನಿಲ್ಲಿಸುತ್ತಿದ್ದರು. ಪಕ್ಕದವನಿಗೆ "ಪೆನ್ ಕೊಡಲೇ" ಅಂದ ತಪ್ಪಿಗೆ ನಾನು ಎರಡು ಸಲ ಬಾಗಿಲ ಹೊರಗೆ ನಿಂತು ಪಾಠ ಕೇಳಿದ್ದೇನೆ. ಒಂದು ದಿನ ಅವರು ಕವಿತೆ ಕಲಿಸುತ್ತಿದ್ದಾಗ ಕಿಸೆಯಲ್ಲಿ ಫೋನ್ ಬಡಕೊಂಡಿತು. ಗೋಡೆಯ ಕಡೆ ತಿರುಗಿ ಸಣ್ಣ ದನಿಯಲ್ಲಿ ಮಾತಾಡಿದರು: "ಹೂಂ ಬೇ ಯವ್ವಾ... ಉಂಡೀನಿ... ಇಲ್ಲ, ಅಸಂಗಿಗೆ ಐತವಾರ ಬರ್ತೀನಿ... ಹೂಂ, ಆಕಳ ಈದ್ರ ಗಿಣ್ಣ ಇಡು ನನಗ."

ನಾವು ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸರ್ ತಿರುಗಿದರು. ಸಿಟ್ಟು ನೆತ್ತಿಗೇರಿ ಮರಾಠಿ ಎಲ್ಲೋ ಕೆಳಗೇ ಉಳಿದಿತ್ತು.

"ಯಾಂವಲೇ ಅಂವಾ? ನನ್ನ ಕ್ಲಾಸಿನಾಗ ಕನ್ನಡದಾಗ ನಗಬ್ಯಾಡ್ರಿ ಅಂತ ಎಷ್ಟ ಸಲಾ ಹೇಳೂದು ನಿಮಗ!"

೩. ಓಡುವುದರ ಲಾಭ

ಕ್ರೀಡೆಯ ಕ್ರೆಡಿಟ್ ಬೇರೆ. ನಾನು ಓಡಿದರೆ ನಮ್ಮ ನಾಯಿ ಹಿಂದೆ ಉಳಿಯುತ್ತದೆ, ಬೇಕಾದರೆ ನಾಯಿಯನ್ನೇ ಕೇಳಿ. ಆದರೆ ಕ್ರೀಡೆಯ ಕ್ರೆಡಿಟ್ ಓಡಿದರೆ ಸಿಗುವುದಿಲ್ಲ, ಬರೆದರೆ ಸಿಗುತ್ತದೆ. 'ಆರೋಗ್ಯ ಮತ್ತು ಕ್ರೀಡೆ' ಅಂತ ಲೇಖಿ ಪರೀಕ್ಷೆ.

ಪರೀಕ್ಷೆಯ ದಿನ ನಮ್ಮ ಎಸ್.ಟಿ. ಬಸ್ಸು ನಡುದಾರಿಯಲ್ಲಿ ಕೆಟ್ಟಿತು. ಕಂಡಕ್ಟರ್ "ಇಳದು ದೂಡ್ರಿ" ಅಂದ. ದೂಡಿದೆ. ಬಸ್ಸು ಹಂದಲಿಲ್ಲ. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ಜತ್ತದವರೆಗೆ ಓಡಿದೆ. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಸರ್ ಕೈ ಅಡ್ಡ ಹಿಡಿದರು.

"ತಡಾ ಆತು. ಬಿಡಾಕ ಬರೂದಿಲ್ಲ."

"ಸರ, ಓಡಿ ಬಂದೀನ್ರಿ."

"ಅದು ಕಾಣ್ತದ. ಇಷ್ಟ ತೇಕೂ ಮನಷ್ಯಾಗ ಆರೋಗ್ಯದ ಪೇಪರ್ ಯಾಕಪಾ? ಹೋಗಿ ಡಾಕ್ಟರಗ ತೋರಸ್ಕೋ."

ಆರು ತಿಂಗಳ ಮೇಲೆ ಮತ್ತೆ ಕೂತೆ. ಮೊದಲನೆಯ ಪ್ರಶ್ನೆ: ನಿತ್ಯ ಓಡುವುದರಿಂದಾಗುವ ಲಾಭಗಳನ್ನು ವಿವರಿಸಿರಿ. ನನಗೆ ಮೈಯೆಲ್ಲ ಉರಿಯಿತು. "ಓಡಿದರೆ ಪರೀಕ್ಷೆ ತಪ್ಪುತ್ತದೆ. ಬಸ್ಸಿನ ಪಾಸು ದಂಡವಾಗುತ್ತದೆ. ಓದಿದ್ದೆಲ್ಲ ಮರೆಯಲು ಆರು ತಿಂಗಳು ಸಿಗುತ್ತದೆ" ಅಂತ ಎರಡು ಪುಟ ತುಂಬಿಸಿ ಬಂದೆ. ಪಾಸು ಮಾಡಿದರು. ನನ್ನ ಉತ್ತರ ಓದಿದ್ದರೆ ಮಾಡುತ್ತಿರಲಿಲ್ಲ.

೪. ಕಡೀ ಸ್ಟಾಪು

ಹೊಸ ಪದ್ಧತಿಯಲ್ಲಿ ಒಂದು ಸವಲತ್ತು ಇದೆ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಮೂರು ಮುಗಿಸಿದರೆ ಪದವಿ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ನಾನು ಇದನ್ನು ಊರವರಿಗೆ ದೊಡ್ಡ ದನಿಯಲ್ಲಿ ತಿಳಿಸಿ ಹೇಳುತ್ತಿದ್ದೆ. ಬೀಡಿ ಸೇದುತ್ತಿದ್ದ ಮುದುಕ ಕಾಕಾ ಒಬ್ಬ ಕಿವಿ ಹತ್ತಿರ ತಂದ.

"ಅಂದ್ರ ಎಸ್.ಟಿ. ಇದ್ದಂಗ ಅನ್ನು. ನಡಕ ಇಳದ್ರೂ ಆ ಊರಿನ ತನಾ ಟಿಕೀಟು ಹರೀತಾರ."

"ಹೌದು ಕಾಕಾ, ಹಂಗ."

"ನಾ ನಾಕನೇತ್ತಾದಾಗ ಇಳದೀನಿ. ಇಳದೇನು, ಮಾಸ್ತರ ಕುಂಡಿಗೆ ಒದ್ದು ಇಳಸ್ಯಾನ. ನನಗೂ ಒಂದು ಸರ್ಟಿಫಿಕೇಟ್ ಕೊಡಸಲಾ, ತಲಾಠಿ."

ಕಟ್ಟೆಯೆಲ್ಲ ನಕ್ಕಿತು. ನಾನು ಎದೆ ಸೆಟೆಸಿ, "ನಾ ನಡಕ ಇಳಿಯಾಂವ ಅಲ್ಲ ಕಾಕಾ, ಕಡೀ ಸ್ಟಾಪಿಗೇ ಇಳಿಯಾಂವ," ಅಂದೆ.

"ಇಳಿಯಪಾ, ಇಳಿ," ಅಂದ ಕಾಕಾ, ಬೀಡಿ ನೆಲಕ್ಕೆ ತಿಕ್ಕುತ್ತ. "ಕಡೀ ಸ್ಟಾಪು ಅಂದ್ರ ಡೆಪೋ. ಹಾಸಗಿ ಒಯ್ದಿರು."

೫. ಕೈಗೆ ಹಜೇರಿ ಇಲ್ಲ

ಕಡೆಯ ಸೆಮಿಸ್ಟರಿನಲ್ಲಿ ಕೌಶಲ್ಯದ ಖಾನೆ ತುಂಬುವುದಿತ್ತು, ಎರಡೇ ಕ್ರೆಡಿಟ್. ಬ್ಯೂಟಿ ಪಾರ್ಲರ್ ಇಲ್ಲವೇ ಕುರಿ-ಆಡು ಪಾಲನೆ, ಇವೆರಡರಲ್ಲಿ ಒಂದು. ನಾನು ನಕ್ಕು ಕುರಿ ಆರಿಸಿದೆ. ಮಾಡಗ್ಯಾಳದ ಕುರಿ ಅಂದರೆ ದೇಶಕ್ಕೇ ಗೊತ್ತು, ಆ ಮಾಡಗ್ಯಾಳದಲ್ಲಿ ನಮ್ಮ ಹಟ್ಟಿ ಅಂದರೆ ತಾಲೂಕಿಗೇ ಗೊತ್ತು. ನನ್ನ ಪರೀಕ್ಷೆ ಯಾರು ತೆಗೆದುಕೊಳ್ಳುತ್ತಾರೆ?

ಕಲಿಸಲು ಬಂದವರು ಡಫಳಾಪುರದ ದ್ರಾಕ್ಷಿ ತೋಟದ ಮನೆಯ ಹುಡುಗ ಸರ್. ಪಗಾರ ಇಲ್ಲ, ತಾಸಿನ ಲೆಕ್ಕದ ಮೇಲೆ ದುಡಿಯುವವರು. ಕುರಿ ಕಂಡರೆ ನಾಲ್ಕು ಹೆಜ್ಜೆ ಹಿಂದೆ. ಒಂದು ದಿನ ನನ್ನನ್ನು ಬದಿಗೆ ಕರೆದು, "ಕ್ಷೇತ್ರಭೇಟಿ ನಿಮ್ಮ ಹಟ್ಟಿಗೇ ಇಟ್ಟೀನಪಾ," ಅಂದರು. "ನೀ ಜತ್ತಕ್ಕ ಬಂದು ಮತ್ತ ತಿರುಗಿ ಯಾಕ ಹೋಗ್ತಿ? ಮನ್ಯಾಗ ಇರು. ಕುರಿ ಮೇಯಾಕ ಬಿಡಬ್ಯಾಡ. ಚಹಾದ್ದೂ ನೋಡ್ಕೋ."

ನೋಡಿಕೊಂಡೆ. ಬಸ್ಸು ತುಂಬ ಬಂದರು. ನಮ್ಮ ದೊಡ್ಡ ಟಗರನ್ನು ನಡುವೆ ನಿಲ್ಲಿಸಿದೆ. ಎತ್ತರದ ಕಾಲು, ಗಿಳಿಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ, ಮದುಮಗನಂತೆ ನಿಂತಿತ್ತು. ದವಡೆ ಹಿಡಿದು ಬಾಯಿ ತೆಗೆದು ಹಲ್ಲು ತೋರಿಸಿದೆ, ಹಲ್ಲು ನೋಡಿ ವಯಸ್ಸು ಹೇಳುವುದು ಕಲಿಸಿದೆ. ಸರ್ ಗೋಡೆಯ ಆಚೆ ನಿಂತು "ಬರಕೋರಿ, ಬರಕೋರಿ" ಅನ್ನುತ್ತಿದ್ದರು. ಕಿರಾಣಿ ಅಂಗಡಿಯವರ ಅದೇ ಮಗಳು ಟಗರಿನ ಕಡೆ ಬೆರಳು ಮಾಡಿ ಕೇಳಿದಳು: "ಕಾಕಾ, ಇದು ದಿನಾ ಎಷ್ಟು ಹಾಲು ಕೊಡ್ತದ್ರಿ?"

"ಹಿಂಡಾಕ ಕುಂದ್ರವಾ," ಅಂದ ಅಪ್ಪ. "ಎಷ್ಟು ಕೊಡ್ತದ ಅಂತ ಅದ ಹೇಳ್ತದ."

ಫಲಿತಾಂಶ ಬಂತು. ಅವಳಿಗೆ ಎ ಗ್ರೇಡ್. ನನ್ನ ಹೆಸರಿನ ಮುಂದೆ: ಗೈರುಹಾಜರು.

ಸರ್‌ಗೆ ಫೋನ್ ಹಚ್ಚಿದೆ. "ಹಜೇರಿ ಬಸ್ಸಿನ್ಯಾಗ ತಗೊಂಡೆನಪಾ. ಬಸ್ಸಿನ್ಯಾಗ ನೀ ಎಲ್ಲಿದ್ದಿ?"

"ಮನ್ಯಾಗ ಇರು ಅಂತ ನೀವ ಹೇಳಿದ್ರಿ!"

"ಹೇಳೀನಿ. ಈಗ ಕಾಲೇಜಿನವ್ರು ನನಗೂ ಹಂಗ ಹೇಳ್ಯಾರ. ತಾಸು ಮುಗದಾವ, ನಾನೂ ಮನ್ಯಾಗ ಅದೀನಿ."

ಅಪ್ಪನನ್ನು ಕರೆದುಕೊಂಡು ಪ್ರಾಚಾರ್ಯರ ಕಡೆ ಹೋದೆ. "ಸರ, ಆನ್‌ಲೈನ್‌ದಾಗ ಭಾಷಣಕಲಾದ್ದು ಎರಡು ಕ್ರೆಡಿಟ್ ಹೆಚ್ಚಿಗೆ ಗಳಿಸೀನ್ರಿ. ಅದನ್ನ ಇಲ್ಲಿ ಹಾಕ್ರಿ."

"ಅದು ಬ್ಯಾರೆ ಖಾನೆ."

ಹಿಂದಿನಿಂದ ಅಪ್ಪ ಅಂದ: "ಅವತ್ತ ಹೇಳಿದ್ರಲೋ. ಟಗರ ಇಲ್ಲ ನಿನ್ನ ಹಿಂಡಿನಾಗ."

"ಟಗರ ಹಿಡದು ನಿಂತಾವನ ನಾನು!" ಅಂತ ಚೀರಿದೆ. ಮೇಜಿನ ಮೇಲೆ ಎಲ್ಲರ ಕ್ಷೇತ್ರಭೇಟಿಯ ವರದಿಗಳಿದ್ದವು. ಒಂದೊಂದನ್ನೇ ತೆರೆದು ತೋರಿಸಿದೆ. ಎಲ್ಲದರಲ್ಲೂ ಅದೇ ಫೋಟೊ, ಟಗರಿನ ಬಾಯಿ ತೆರೆದು ಹಿಡಿದ ಕೈ, ಕೈಯಲ್ಲಿ ನನ್ನ ಬೆಳ್ಳಿ ಕಡಗ. "ನೋಡ್ರಿ ಸರ, ಇದು ಯಾರ ಕೈ? ನನ್ನ ಕೈ!"

ಪ್ರಾಚಾರ್ಯರು ಚಷ್ಮಾ ಏರಿಸಿ ಕಡಗ ನೋಡಿದರು, ನನ್ನನ್ನು ನೋಡಿದರು. "ನಿನ್ನ ಕೈ ಅದ, ಖರೆ. ಕೈಗೆ ಹಜೇರಿ ಹಾಕಾಕ ಬರೂದಿಲ್ಲ."

ನನ್ನ ಕೈ ಇಡೀ ಕ್ಲಾಸನ್ನು ಪಾಸು ಮಾಡಿಸಿತು, ನನ್ನೊಬ್ಬನನ್ನು ಬಿಟ್ಟು.

೬. ಯಾವೂರ್ರಿ ತಮ್ಮಾ?

ಆ ವಿಷಯ ವರ್ಷಕ್ಕೆ ಒಂದೇ ಸಲ. ಕಾಯಬೇಕು. ಕಾಯುತ್ತಿದ್ದಾಗಲೇ ಹೊಸ ತಲಾಠಿಗಳ ನೇಮಕಕ್ಕೆ ಭರತಿಯ ಜಾಹೀರಾತು ಬಂತು, ಅರ್ಜಿಯ ಕಡೆಯ ತಾರೀಖೂ ಬಂತು, ಹೋಯಿತು. ಟಗರಿನ ಹಾಲು ಕೇಳಿದವಳು ಅರ್ಜಿ ಹಾಕಿದಳು. ನನ್ನ ಕೈಯ ಫೋಟೊ ಹಚ್ಚಿ ಪಾಸಾದವರೆಲ್ಲ ಹಾಕಿದರು. ನಾನು ಜತ್ತದ ವಾಚನಾಲಯದಲ್ಲಿ ಭರತಿಯ ಪುಸ್ತಕ ಓದುತ್ತ ಕೂತಿದ್ದೆ. ಕಟ್ಟೆಯ ಕಾಕಾ ಮಾತ್ರ ಕಂಡಾಗೆಲ್ಲ, "ಹಾಸಗಿ ಸಾಲತದಿಲ್ಲೋ ತಲಾಠಿ?" ಅಂತ ಕೇಳುವುದು ಬಿಡಲಿಲ್ಲ.

ಮರುವರ್ಷ ಮತ್ತೆ ಕ್ಷೇತ್ರಭೇಟಿ. ಎಲ್ಲಿಗೆ? ನಮ್ಮ ಹಟ್ಟಿಗೇ. ಈ ಸಲ ನಾನು ಮೋಸ ಹೋಗಲಿಲ್ಲ. ಕತ್ತಲಿರುವಾಗಲೇ ಎದ್ದು ಮೊದಲ ಎಸ್.ಟಿ. ಹಿಡಿದು ಜತ್ತಕ್ಕೆ ಹೋದೆ. ಕಾಲೇಜಿನ ಬಸ್ಸು ಹತ್ತಿ, ಕಿಟಕಿಯ ಕಡೆ ಕೂತು, ಹಜೇರಿ ಕೂಗಿದಾಗ ಬಸ್ಸು ನಡುಗುವಂತೆ "ಹಾಜರ್!" ಅಂದೆ. ಬಂದ ದಾರಿಯಲ್ಲೇ ತಿರುಗಿ ನನ್ನ ಮನೆಯ ಬಾಗಿಲಲ್ಲೇ ಇಳಿದೆ. ನಮ್ಮ ನಾಯಿಗೂ ಗೊಂದಲವಾಗಿ ಒಮ್ಮೆ ಬೊಗಳಿತು.

ಈ ಸಲ ಕಲಿಸುವವರು ಹೊಸ ಮ್ಯಾಡಮ್, ಭಾಳ ಹುಷಾರಿನವರು. "ಕುರಿ ಸಾಕೂದು ನಮಗೇನು ತಿಳೀತದ? ಈ ಹಟ್ಟೀ ಕಾಕಾನೇ ಪ್ರಶ್ನೆ ಕೇಳ್ಲಿ, ಕಾಕಾನೇ ಗ್ರೇಡ್ ಹೇಳ್ಲಿ," ಅಂದರು ಅಪ್ಪನ ಕಡೆ ಕೈ ಮಾಡಿ. ನನಗೆ ಒಳಗೊಳಗೇ ಹಬ್ಬ. ಅಪ್ಪನ ಕೈಯಲ್ಲಿ ಗ್ರೇಡ್ ಅಂದರೆ ಮನೆಯ ಗ್ರೇಡ್.

ಅಪ್ಪ ಹೊಸ ಪಟಕಾ ಸುತ್ತಿಕೊಂಡು ಹೊರಸಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹುಡುಗರು ಸಾಲಾಗಿ ನಿಂತರು. ಒಬ್ಬನಿಗೆ ಕುರಿ ಏನು ತಿನ್ನುತ್ತದೆ ಅಂತ ಕೇಳಿದ. "ಹುಲ್ಲು" ಅಂದ. "ಶಾಣ್ಯಾ," ಅಂದ ಅಪ್ಪ. ಎ. ಇನ್ನೊಬ್ಬಳಿಗೆ ಕುರಿಗೆ ಕಾಲು ಎಷ್ಟು ಅಂತ ಕೇಳಿದ. ಅವಳಿಗೂ ಎ. ನನ್ನ ಪಾಳಿ ಬಂತು.

"ಯಾವೂರ್ರಿ ತಮ್ಮಾ ನಿಮ್ದು?"

"ಮಾಡಗ್ಯಾಳರಿ," ಅಂದೆ ಹಲ್ಲು ಕಚ್ಚಿ.

"ಚಲೋ ಊರು. ಯಾರ ಪೈಕಿ?"

ಸಾಲು ಪೂರಾ ಕಿಸಕ್ಕೆಂದಿತು. "ಯಪ್ಪಾ, ಲಗೂನ ಕೇಳೂದು ಕೇಳು," ಅಂದೆ.

"ಕೇಳ್ತೀನಿ. ಈ ಹಿಂಡಿನಾಗ ಇವತ್ತ ಕುಂಟೂದು ಯಾವ ಕುರಿ?"

ಹಿಂಡಿನ ಕಡೆ ತಿರುಗದೆಯೇ ಹೇಳಿದೆ: "ಕಂದು ಕಿವಿದು."

"ಅದು ಕಳದ ತಿಂಗಳ ಕುಂಟತಿತ್ತು. ಆರಾಮಾಗಿ ಗುಡ್ಡ ಹತ್ತಿ ಮೇಯ್ತದ ಈಗ." ಅಪ್ಪ ಮ್ಯಾಡಮ್ ಕಡೆ ತಿರುಗಿದ. "ಇಂವ ನಪಾಸ್ ರೀ."

"ಹಂಗ್ಯಾಕ್ರಿ ಕಾಕಾ? ಉಳದವ್ರಿಗೆ ಹುಲ್ಲಂದ್ರೂ ಎ ಕೊಟ್ರಿ."

"ಅವು ಮಂದಿ ಮಕ್ಕಳು, ತಿಳೀಲಿಲ್ಲಂದ್ರ ತಪ್ಪಿಲ್ಲ. ಇಂವ ಕುರಿ ಹಾಲು ಕುಡದ ಬೆಳದಾನ್ರಿ. ಆದ್ರೂ ನೋಡಲಾರ್ದ ಹೇಳ್ತಾನ. ನಾಳೆ ತಲಾಠಿ ಆಗಿ ಹೊಲದ ಲೆಕ್ಕಾನೂ ಹಿಂಗ ಕುಂತಲ್ಲೇ ಬರದ್ರ ಗತಿ ಏನು?"

ಎರಡು ಭಾಷೆಯಲ್ಲಿ ಜಗಳ ಮಾಡುವ ನಾನು ಹಿಂಡಿನ ಕಡೆ ತಿರುಗಿ ಕುಂಟುವ ಕುರಿ ಹುಡುಕತೊಡಗಿದೆ.

ಮ್ಯಾಡಮ್ ಮೆಲ್ಲಗೆ ಅಂದರು: "ಕಾಕಾ, ನಪಾಸ್ ಮಾಡಿದ್ರ ಮುಂದಿನ ವರ್ಷ ಮತ್ತ ಇಲ್ಲಿಗೇ ಕರಕೊಂಡು ಬರಬೇಕಾಗ್ತದ್ರಿ."

ಅಪ್ಪ ಬಸ್ಸಿನ ಕಡೆ ನೋಡಿದ, ಅಂಗಳದಲ್ಲಿ ಬಿದ್ದ ಖಾಲಿ ಚಹಾದ ಕಪ್ಪುಗಳನ್ನು ನೋಡಿದ. "ಬ್ಯಾಡ ಬ್ಯಾಡ. ಬಿಡ್ರಿ, ಹೋಗ್ಲಿ, ಪಾಸ್ ಮಾಡ್ರಿ."

ಪದವಿ ಬಂತು. ತಲಾಠಿಯ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ. ಕುರಿ-ಆಡು ಪಾಲನೆಯಲ್ಲಿ ನನಗೆ ಕೊಟ್ಟದ್ದು ಎರಡು ಕ್ರೆಡಿಟ್, ಸಿ ಗ್ರೇಡ್.