ಹನಿಯೂ ಖರ್ಚಾಗದ ಬಿಯರ್ ಮೇಳ

ನಗರಾಡಳಿತದ ಉತ್ಸವ ವಿಭಾಗವು ಈ ಸಾಲಿನಲ್ಲಿ ನಡೆಸಿದ ಮೂರು ದಿನಗಳ ಬಿಯರ್ ಮೇಳಕ್ಕೆ ಹನ್ನೊಂದು ಸಾವಿರ ಜನ ಭೇಟಿ ಕೊಟ್ಟರು, ನಲವತ್ತೊಂದು ಪೀಪಾಯಿಗಳನ್ನು ಪ್ರದರ್ಶಿಸಲಾಯಿತು, ಒಂದು ಹನಿ ಬಿಯರೂ ಖರ್ಚಾಗಲಿಲ್ಲ. ಮೇಳವು ಸಂಪೂರ್ಣ ಯಶಸ್ವಿಯಾಯಿತೆಂದು ವಿಭಾಗವು ದಾಖಲಿಸಿಕೊಂಡಿದೆ.

ಈ ಯಶಸ್ಸಿನ ಕೀರ್ತಿ ಸಲ್ಲಬೇಕಾದದ್ದು ಅದೇ ವಿಭಾಗದ ಹಿರಿಯ ಗುಮಾಸ್ತನಿಗೆ. ಕಚೇರಿಯಲ್ಲಿ ಅವನನ್ನು ಎಲ್ಲರೂ ನೊರೆರಾಯ ಎಂದೇ ಕರೆಯುತ್ತಿದ್ದರು. ರಜೆ ಬಂದರೆ ಸಾಕು, ಹಲ್ಲಿನ ಡಾಕ್ಟರಾದ ತನ್ನ ಭಾವನನ್ನು ಕಟ್ಟಿಕೊಂಡು ಊರ ಸುತ್ತಲಿನ ಯಾವುದಾದರೂ ಸಣ್ಣ ಬಿಯರ್ ಭಟ್ಟಿಗೆ ಹೊರಟುಬಿಡುತ್ತಿದ್ದ. ಚೀಲದಲ್ಲಿ ಹಳೆಯ ಉಣ್ಣೆಯ ಕಾಲುಚೀಲದೊಳಗೆ ಸುತ್ತಿಟ್ಟ ಸ್ವಂತ ಗ್ಲಾಸು, ಒಂದು ನೋಟುಬುಕ್ಕು. ಇವನ ಕೈಗೆ ಬಿಯರ್ ಕೊಟ್ಟರೆ ತಕ್ಷಣ ಬಾಯಿಗಿಡುವ ಜಾಯಮಾನ ಅಲ್ಲ. ಮೊದಲು ಬೆಳಕಿಗೆ ಹಿಡಿಯಬೇಕು, ನೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ಎಣಿಸಬೇಕು, ಮೂಗು ಇಳಿಸಬೇಕು, ಭಾವನ ಮೂಗನ್ನೂ ಇಳಿಸಬೇಕು, ಇಬ್ಬರೂ ವಾದಿಸಬೇಕು, ಬರೆದುಕೊಳ್ಳಬೇಕು. ಹೀಗೆ ಹನ್ನೊಂದು ನೋಟುಬುಕ್ಕು ತುಂಬಿದ್ದವು. "ನನ್ನ ಅಡುಗೆ ಬಗ್ಗೆ ಇಪ್ಪತ್ತು ವರ್ಷದಲ್ಲಿ ಒಂದು ಸಾಲು ಬರೆದಿದೀರಾ?" ಎಂದು ಹೆಂಡತಿ ಕೇಳಿದ್ದಳು. ಅವನು ಅದಕ್ಕೂ ಯೋಚಿಸಿ ಉತ್ತರ ಕೊಡಲು ಹೋಗಿ ಎರಡು ದಿನ ಅವಳ ಮಾತು ಕಳೆದುಕೊಂಡಿದ್ದ.

ಆದರೆ ಹನ್ನೊಂದು ನೋಟುಬುಕ್ಕಿನಲ್ಲಿಯೂ ಇಲ್ಲದ ಒಂದು ಬಿಯರ್ ಇತ್ತು. ಟೀಚರಮ್ಮನ ಬಿಯರ್. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಆಕೆ, ಹಿಂದೆ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಹಳೆಯ ಶೆಡ್ಡಿನಲ್ಲಿ, ಬಾರ್ಲಿಯನ್ನು ಸೌದೆ ಹೊಗೆಯಲ್ಲಿ ಒಣಗಿಸಿ ವರ್ಷಕ್ಕೆ ಒಂದೇ ಒಂದು ಪೀಪಾಯಿ ಮಾಡುತ್ತಿದ್ದಳು. ಪೀಪಾಯಿ ತೆರೆದರೆ ಮೂರು ದಿನ, ಆಮೇಲೆ ಹುಳಿ. ಮೊದಲ ವರ್ಷ ಆ ಮೂರು ದಿನವೂ ನೊರೆರಾಯನಿಗೆ ಜ್ವರ. ಎರಡನೇ ವರ್ಷ ಅತ್ತೆಗೆ ಆಪರೇಷನ್. ಮೂರನೇ ವರ್ಷ ಪೀಪಾಯಿಯೇ ಸೋರಿಹೋಯಿತು. ನಾಲ್ಕನೇ ವರ್ಷ ಇವನು ಬೆಳಿಗ್ಗೆಯೇ ಹೋಗಿ ನಿಂತಿದ್ದ, ಇವನ ಮುಂದಿನವನ ಗ್ಲಾಸಿಗೆ ಮುಗಿಯಿತು. ಈ ವರ್ಷ ಟೀಚರಮ್ಮ ಮಂಡಿನೋವಿನಿಂದ ಬೇಸತ್ತು, ಇದೇ ಕೊನೆಯ ಪೀಪಾಯಿ, ಇದನ್ನು ಮೇಳಕ್ಕೆ ಕೊಡುತ್ತೇನೆ ಎಂದುಬಿಟ್ಟಿದ್ದಳು. ಆ ಸುದ್ದಿ ಕೇಳಿದ ದಿನ ನೊರೆರಾಯ ಊಟ ಮಾಡಲಿಲ್ಲ.

ಹೀಗಿರುವಾಗ ಮೇಳವನ್ನೇ ರದ್ದು ಮಾಡುವ ಪ್ರಸ್ತಾಪ ಸಭೆಗೆ ಬಂತು. ಹಿಂದಿನ ವರ್ಷ ಇನ್ನೂರ ಹದಿನಾಲ್ಕು ದೂರು ಬಂದಿದ್ದವು. ಶೌಚಾಲಯದ ಸಾಲು ಗ್ರಂಥಾಲಯದ ಒಳಗೆ ಹಾದು ಹಿಂಬಾಗಿಲಿನಿಂದ ಹೊರಗೆ ಬಂದಿತ್ತು. ಒಬ್ಬ ನಾಗರಿಕ ಕಾರಂಜಿಯೊಳಗೆ ಕೂತು ನಗರಾಡಳಿತದ ಆಯವ್ಯಯವನ್ನು ಸರಿಯಾಗಿ ವಿವರಿಸಿದ್ದ. ಇದು ಅತ್ಯಂತ ಗಂಭೀರವೆಂದು ಪರಿಗಣಿಸಲಾಗಿತ್ತು.

"ಕುಡಿಯೋರು ಇರೋ ತನಕ ಇದು ತಪ್ಪಿದ್ದಲ್ಲ," ಎಂದರು ಉಪನಿರ್ದೇಶಕಿ, ಫೈಲು ಮುಚ್ಚುತ್ತಾ.

ಕೊನೆಯ ಪೀಪಾಯಿ ನೊರೆರಾಯನ ಕಣ್ಣೆದುರೇ ಉರುಳಿ ಹೋದಂತಾಯಿತು. ಎದ್ದು ನಿಂತು, "ಮೇಡಂ, ನಿಜವಾದ ರಸಿಕರು ಕುಡಿಯೋಕೆ ಬರಲ್ಲ. ಆಸ್ವಾದಿಸೋಕೆ ಬರ್ತಾರೆ. ಬೇಕಾದ್ರೆ ಇದು ನೋಡಿ," ಎಂದು ಹನ್ನೊಂದು ನೋಟುಬುಕ್ಕನ್ನೂ ಮೇಜಿನ ಮೇಲೆ ಇಟ್ಟ.

ಉಪನಿರ್ದೇಶಕಿ ಎರಡು ದಿನ ಅದನ್ನು ಓದಿದರು. ಅನಂತರ ವೈಜ್ಞಾನಿಕ ಅಧ್ಯಯನಕ್ಕೆ ಆದೇಶ ಹೊರಡಿಸಿದರು. ಅದರಂತೆ ಮುಂದಿನ ರಜೆಯಲ್ಲಿ ನೊರೆರಾಯ ಮತ್ತು ಭಾವ ಭಟ್ಟಿಗೆ ಹೊರಟಾಗ ಅಂಕಿಅಂಶ ಶಾಖೆಯ ಅಧಿಕಾರಿಯೂ ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಜೊತೆಗೆ ಬಂದರು. ತಾಮ್ರದ ಹಂಡೆಯ ಪಕ್ಕ, ಒದ್ದೆ ನೆಲದ ಮೇಲೆ, ಬಾರ್ಲಿ ಮೂಟೆಯೊಂದರ ಮೇಲೆ ಕೂತು ಅವರು ನೂರು ನಿಮಿಷ ಕಣ್ಣು ಮಿಟುಕಿಸದೆ ನೋಡಿದರು.

"ನೀವೂ ಒಂದು ಗ್ಲಾಸ್ ತಗೊಳ್ಳಿ ಸಾರ್," ಎಂದ ಭಾವ.

"ಡ್ಯೂಟಿ ಮೇಲಿದೀನಿ. ನೀವು ಮೂಗು ಎತ್ತಬೇಡಿ, ಲೆಕ್ಕ ತಪ್ಪತ್ತೆ."

ವರದಿ ಬಂತು. ನೂರು ನಿಮಿಷಗಳಲ್ಲಿ ಸದರಿ ರಸಿಕರು ನೋಡಿದ್ದು ಇಪ್ಪತ್ತೆರಡು ನಿಮಿಷ, ಮೂಸಿದ್ದು ಮೂವತ್ತೊಂದು, ಚರ್ಚಿಸಿದ್ದು ಇಪ್ಪತ್ತೊಂಬತ್ತು, ಬರೆದದ್ದು ಹದಿನಾಲ್ಕು, ಕುಡಿದದ್ದು ನಾಲ್ಕು. ಇನ್ನೂರ ಹದಿನಾಲ್ಕು ದೂರುಗಳೂ ಆ ಕೊನೆಯ ನಾಲ್ಕು ನಿಮಿಷದಿಂದಲೇ ಉದ್ಭವಿಸಿದ್ದವು. ಆದುದರಿಂದ ಮೇಳದಿಂದ ಆ ನಾಲ್ಕು ನಿಮಿಷಗಳನ್ನು ಮಾತ್ರ ಕೈಬಿಟ್ಟು, ಶೇಕಡ ತೊಂಬತ್ತಾರರಷ್ಟು ಆನಂದವನ್ನು ಯಥಾವತ್ತಾಗಿ ಉಳಿಸಿಕೊಳ್ಳಬಹುದೆಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು.

"ಮೇಡಂ, ಆ ನಾಲ್ಕು ನಿಮಿಷಕ್ಕೋಸ್ಕರಾನೇ ಉಳಿದ ತೊಂಬತ್ತಾರು," ಎಂದ ನೊರೆರಾಯ ತೊದಲುತ್ತಾ.

"ಹಾಗಂತ ಎಲ್ಲಾದ್ರೂ ಬರೆದಿದೀರಾ?"

ಅವನು ಹನ್ನೊಂದು ನೋಟುಬುಕ್ಕನ್ನೂ ಮನೆಗೆ ಒಯ್ದು ಹುಡುಕಿದ. ಬಣ್ಣ ಇತ್ತು, ನೊರೆ ಇತ್ತು, ಒಣಗಿದ ಹುಲ್ಲಿನ ವಾಸನೆ, ಕಿತ್ತಳೆ ಸಿಪ್ಪೆಯ ವಾಸನೆ, ಒಂದು ಕಡೆ ಹೊಸ ಚಪ್ಪಲಿಯ ವಾಸನೆ ಕೂಡ ಇತ್ತು. ಕುಡಿದೆ, ಖುಷಿಯಾಯಿತು ಎಂದು ಮಾತ್ರ ಎಲ್ಲಿಯೂ ಇರಲಿಲ್ಲ. ಅದು ಬರೆಯುವಂಥದ್ದೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

ನಿಯಮಾವಳಿ ರಚಿಸುವ ಕೆಲಸ ಅವನಿಗೇ ಬಂತು, ಜೊತೆಗೆ 'ವರ್ಣನಾಧಿಕಾರಿ' ಎಂಬ ಹುದ್ದೆಯೂ ಬಂತು. ಬೇಡವೆಂದರೆ ಮೇಳ ಇಲ್ಲ, ಮೇಳ ಇಲ್ಲದಿದ್ದರೆ ಪೀಪಾಯಿ ಇಲ್ಲ. ಒಪ್ಪಿಕೊಂಡ. ಸುತ್ತೋಲೆಯ ಮುಖ್ಯಾಂಶಗಳು ಹೀಗಿದ್ದವು: ಸಂದರ್ಶಕರು ಬಿಯರನ್ನು ನೋಡಬಹುದು, ಮೂಸಬಹುದು, ಬಗೆಬಗೆಯಾಗಿ ಚರ್ಚಿಸಬಹುದು. ಮೂಸುವಾಗ ಮೂಗು ಗ್ಲಾಸಿನ ಅಂಚಿನಿಂದ ಎರಡು ಅಂಗುಲ ದೂರದಲ್ಲಿರತಕ್ಕದ್ದು, ನಾಲಿಗೆ ಬಾಯಿಯ ಒಳಗೇ ಇರತಕ್ಕದ್ದು. ಉದ್ದ ಮೂಗಿನವರು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಪ್ರತಿ ಮಳಿಗೆಯಲ್ಲಿ ಒಬ್ಬ ಗಂಟಲು ವೀಕ್ಷಕರಿರುತ್ತಾರೆ. ಉಗುಳು ನುಂಗಬೇಕಾದವರು ಮುಂಚಿತವಾಗಿ ಕೈ ಎತ್ತಿ ಅನುಮತಿ ಪಡೆಯತಕ್ಕದ್ದು. ರುಚಿಯನ್ನು ತಿಳಿಯಬಯಸುವವರು ಪೀಪಾಯಿಯ ಪಕ್ಕದ ಫಲಕದಲ್ಲಿರುವ ಅಧಿಕೃತ ವರ್ಣನೆಯನ್ನು ಓದಿಕೊಳ್ಳತಕ್ಕದ್ದು.

ಹತ್ತೊಂಬತ್ತನೆಯ ನಿಯಮವನ್ನು ನೊರೆರಾಯ ಯಾರಿಗೂ ಕಾಣದಂತೆ ಕುರ್ಚಿಗಳ ಬಾಡಿಗೆ ಮತ್ತು ಕಸದ ಬುಟ್ಟಿಗಳ ನಡುವೆ ಸೇರಿಸಿದ. ಅದರ ಪ್ರಕಾರ, ವರ್ಣನಾಧಿಕಾರಿಯು ಮೇಳದ ಕೊನೆಯ ದಿನ ತನಗಿಷ್ಟವಾದ ಒಂದು ಪೀಪಾಯಿಯಿಂದ ಪರಿಶೀಲನೆಗಾಗಿ ಒಂದು ಗುಟುಕು ಕುಡಿಯಬಹುದು. ಉಪನಿರ್ದೇಶಕಿ ಸಹಿ ಹಾಕಿದರು. ಆ ಸಂಜೆ ಅವನು ಮನೆಯಲ್ಲಿ ಶಿಳ್ಳೆ ಹಾಕಿದ್ದನ್ನು ಹೆಂಡತಿ ಗಮನಿಸಿದಳು.

ಫಲಕಗಳ ವರ್ಣನೆ ಮೇಳಕ್ಕೆ ಎಂಟು ವಾರ ಮೊದಲೇ ಮಂಜೂರಾಗಬೇಕಿತ್ತು. ನಲವತ್ತು ಬಿಯರುಗಳು ಅವನಿಗೆ ಅಂಗೈ ಗೆರೆಯಷ್ಟು ಪರಿಚಯ. ನಲವತ್ತೊಂದನೆಯದು ಟೀಚರಮ್ಮನದು, ಆಗಿನ್ನೂ ಬಾರ್ಲಿಯ ರೂಪದಲ್ಲಿತ್ತು. ನಮೂನೆಯಲ್ಲಿ ಯಾವ ಕಾಲಮನ್ನೂ ಖಾಲಿ ಬಿಡುವಂತಿರಲಿಲ್ಲ. ಅವನು ನಾಲ್ಕು ವರ್ಷದ ಆಸೆಯನ್ನೆಲ್ಲ ಒಟ್ಟುಗೂಡಿಸಿ ಬರೆದ. ಒಲೆ ಆರಿದ ಮೇಲೂ ಅಡುಗೆಮನೆಯಲ್ಲಿ ಉಳಿಯುವ ಬೆಚ್ಚಗಿನ ಹೊಗೆಯಿಂದ ಶುರುಮಾಡಿದ. ನಡುವೆ ಹುರಿದ ಕಾಳಿನ ಸದ್ದು ಬಂತು. ಕೊನೆಯಲ್ಲಿ, ಎಲ್ಲ ಮುಗಿಯಿತು ಎನ್ನುವಾಗ, ಕೇಳದೆಯೇ ಸಿಕ್ಕಿದ ಕ್ಷಮೆಯಂತೆ, ಜೇನು. ಬರೆದು ಮುಗಿಸಿ ಅವನೇ ಕಣ್ಣೊರೆಸಿಕೊಂಡ.

ಮೇಳ ತೆರೆಯಿತು. ಮೊದಲ ಗಂಟೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಬಂದಾಗಿದೆಯಲ್ಲ ಎಂದು ಸಾಲಿನಲ್ಲಿ ನಿಂತರು. ಟೀಚರಮ್ಮನ ಪೀಪಾಯಿಯ ಮುಂದೆ ಇದ್ದಷ್ಟು ಜನ ಬೇರೆಲ್ಲಿಯೂ ಇರಲಿಲ್ಲ. ಒಬ್ಬರು ಫಲಕವನ್ನು ಗಟ್ಟಿಯಾಗಿ ಓದುವುದು, ಉಳಿದವರು ಕಣ್ಣು ಮುಚ್ಚಿ ತಲೆದೂಗುವುದು. "ಮೂವತ್ತು ವರ್ಷದಿಂದ ಕುಡೀತಿದೀನಿ, ಇಂಥ ಬಿಯರ್ ನೋಡಿರ್ಲಿಲ್ಲ," ಎಂದು ಒಬ್ಬ ಲಾರಿ ಚಾಲಕ ಹೇಳಿದ್ದನ್ನು ಅಭಿಪ್ರಾಯ ಪುಸ್ತಕದಲ್ಲಿ ಬರೆದುಕೊಳ್ಳಲಾಯಿತು. ಎರಡನೇ ದಿನ ಒಬ್ಬಾತ ಜೇನಿನ ಸಾಲು ಓದಿ ತೂರಾಡಿದ. ಗಂಟಲು ವೀಕ್ಷಕರು ಓಡಿಬಂದು ಬಾಯಿ ತೆರೆಸಿ ನೋಡಿದರು. ಒಳಗೆ ಏನೂ ಇರಲಿಲ್ಲ. ಅಂದಿನಿಂದ ಮನೆಗೆ ವಾಹನ ಓಡಿಸಿಕೊಂಡು ಹೋಗುವವರು ಆ ಸಾಲನ್ನು ಓದಬಾರದೆಂದು ಪ್ರಕಟಣೆ ಹಾಕಲಾಯಿತು. ಮೇಳದ ಶ್ರೇಷ್ಠ ಬಿಯರ್ ಪ್ರಶಸ್ತಿಯೂ ಆ ಪೀಪಾಯಿಗೇ ಬಂತು.

ಟೀಚರಮ್ಮ ಮಾತ್ರ ಮೂರು ದಿನವೂ ಮಡಚುವ ಕುರ್ಚಿಯಲ್ಲಿ ಕೂತು ಮಂಡಿ ಉಜ್ಜಿಕೊಳ್ಳುತ್ತಾ ಗೊಣಗುತ್ತಿದ್ದಳು. "ನನ್ನ ಬಿಯರ್ ಏನು ಗೋಡೆಗೆ ನೇತುಹಾಕೋ ಪಟಾನಾ? ಹೊಟ್ಟೆಗೆ ಹೋಗ್ಬೇಕಾದ್ದು."

ಕೊನೆಯ ಮಧ್ಯಾಹ್ನ ನೊರೆರಾಯ ಹತ್ತೊಂಬತ್ತನೆಯ ನಿಯಮವನ್ನು ಹೊರತೆಗೆದ. ಕಾಲುಚೀಲದಿಂದ ಗ್ಲಾಸು ಹೊರಬಂತು. ಟೀಚರಮ್ಮ ಬಲಗೈಯಲ್ಲಿ ಪೀಪಾಯಿಯ ನಲ್ಲಿ ತಿರುಗಿಸಿ ಅಂಚಿನವರೆಗೆ ತುಂಬಿ, "ತಗೋಪ್ಪ, ನೀನಾದ್ರೂ ಕುಡಿ," ಎಂದು ಕೊಟ್ಟಳು. ಭಾವ ಪಕ್ಕದಲ್ಲಿ ನಿಂತಿದ್ದ. ಜನ ಸುತ್ತುಗಟ್ಟಿದರು.

ಉಪನಿರ್ದೇಶಕಿ ಬಂದು ಮೆಲ್ಲಗೆ ಹೇಳಿದರು: "ಕುಡೀರಿ, ನಿಮ್ಮ ಹಕ್ಕು. ಒಂದೇ ವಿಷಯ. ರುಚಿ ಫಲಕದಲ್ಲಿರೋ ಹಾಗೆ ಇಲ್ಲ ಅಂತಾದ್ರೆ ವರ್ಣನೆ ವಾಪಸ್ ತಗೋಬೇಕಾಗತ್ತೆ. ವರ್ಣನೆ ವಾಪಸ್ ಬಂದ್ರೆ ಪ್ರಶಸ್ತಿ ವಾಪಸ್. ಹನ್ನೊಂದು ಸಾವಿರ ಜನರ ಆನಂದಾನೂ ರದ್ದು ಮಾಡಬೇಕು. ಒಬ್ಬೊಬ್ಬರಿಗೂ ಪತ್ರ ಬರೀಬೇಕು. ಬರೆಯೋರು ನೀವೇ."

ನೊರೆರಾಯ ಗ್ಲಾಸನ್ನು ಬೆಳಕಿಗೆ ಹಿಡಿದ. ಕಂದು, ಅಂಚಿನಲ್ಲಿ ಕೆಂಪು. ನೊರೆ ನಿಂತಿತು. ಮೂಗು ಇಳಿಸಿದ. ಹೊಗೆ ಇತ್ತು, ಆದರೆ ಅವನು ಬರೆದ ಹೊಗೆಯಲ್ಲ. ಒದ್ದೆ ಹಗ್ಗ ಸುಟ್ಟಂಥ ಒರಟು ಹೊಗೆ. ಇಷ್ಟು ವರ್ಷ ದುಡಿದ ಮೂಗು ಅವನಿಗೆ ಸುಳ್ಳು ಹೇಳುವುದಿಲ್ಲ. ಇದರಲ್ಲಿ ಜೇನು ಇರಲು ಸಾಧ್ಯವಿಲ್ಲ. ಅವನು ತಲೆಯೆತ್ತಿ ಫಲಕ ನೋಡಿದ. ಅದು ಅವನು ಜೀವಮಾನದಲ್ಲಿ ಬರೆದ ಅತ್ಯಂತ ಒಳ್ಳೆಯ ವಾಕ್ಯ. ಅದರ ಕೆಳಗೆ ಜನ ಹೂವಿಟ್ಟಿದ್ದರು. ಗ್ಲಾಸು ತುಟಿಯವರೆಗೆ ಹೋಯಿತು, ನಿಂತಿತು, ಕೆಳಗಿಳಿಯಿತು.

"ಬರೆದ ಹಾಗೇ ಇದೆ," ಎಂದ.

ಚಪ್ಪಾಳೆ ಬಿತ್ತು. ಟೀಚರಮ್ಮ ಅವನ ಕೈಯಿಂದ ಗ್ಲಾಸು ಕಿತ್ತುಕೊಂಡು, ಗಂಟಲು ವೀಕ್ಷಕರು ಏಳುವಷ್ಟರಲ್ಲಿ ಒಂದೇ ಉಸಿರಿಗೆ ಕುಡಿದು, ಬಾಯಿ ಒರೆಸಿಕೊಂಡಳು. "ಜೇನೂ ಇಲ್ಲ, ಗೀನೂ ಇಲ್ಲ. ಹೊಗೆ, ಉಪ್ಪು, ಕೊನೇಲಿ ಒಂಚೂರು ಕಹಿ. ಅಷ್ಟೇ. ಅದೇ ಅದರ ಚೆಂದ ಕಣಯ್ಯಾ."

ಉಪ್ಪು ಎಂದು ನೊರೆರಾಯನಿಗೆ ಹೊಳೆದೇ ಇರಲಿಲ್ಲ. ಕೈ ತಾನಾಗಿ ಗ್ಲಾಸಿನ ಕಡೆ ಹೋಯಿತು, ಗ್ಲಾಸು ಖಾಲಿ.

ಉಪನಿರ್ದೇಶಕಿ ಆ ಗ್ಲಾಸನ್ನು ಸೋರಿಕೆ ಎಂದು ಬರೆಸಿಕೊಂಡರು. ಬಳಿಕ ಟೀಚರಮ್ಮನಿಗೆ ನೋಟಿಸು ಓದಿ ಹೇಳಿದರು. ಮಂಜೂರಾದ ವರ್ಣನೆಯಲ್ಲಿ ಜೇನು ಇದ್ದು, ಸರಬರಾಜಾದ ಬಿಯರಿನಲ್ಲಿ ಜೇನು ಇಲ್ಲವಾದಲ್ಲಿ, ತಯಾರಕರು ವರ್ಣನೆಗೆ ವಿರುದ್ಧವಾದ ಬಿಯರನ್ನು ತಯಾರಿಸಿದಂತಾಗುತ್ತದೆ. ತಪ್ಪೊಪ್ಪಿಗೆ ಬರೆದುಕೊಟ್ಟರೆ ಮೊದಲ ಅಪರಾಧವೆಂದು ಮನ್ನಿಸಲಾಗುವುದು. ಇಲ್ಲವಾದರೆ ವಿಚಾರಣೆ, ಮೂರನೇ ಮಹಡಿ, ಲಿಫ್ಟ್ ಇಲ್ಲ.

ಟೀಚರಮ್ಮ ಮಂಡಿ ನೋಡಿಕೊಂಡಳು. "ಎಲ್ಲಿ ಸಹಿ ಹಾಕ್ಬೇಕು?" ಎಂದಳು.

ಸಾಕ್ಷಿಯ ಜಾಗದಲ್ಲಿ ನೊರೆರಾಯ ಸಹಿ ಹಾಕಿದ. ಉಳಿದ ಬಿಯರನ್ನು ನಿಯಮದಂತೆ ಅಂಗಳದ ಚರಂಡಿಗೆ ಸುರಿಯಲಾಯಿತು. ಮುಂದಿನ ವರ್ಷದಿಂದ ಪೀಪಾಯಿಗಳನ್ನು ತರುವ ಅಗತ್ಯವಿಲ್ಲ, ಫಲಕಗಳು ಸಾಕು ಎಂದು ಅದೇ ಸಂಜೆ ಆದೇಶವಾಯಿತು. ಹಾಗಾದರೆ ತಾನು ಬಿಯರಿನಿಂದ ನಿವೃತ್ತಿಯಾಗಬೇಕಿಲ್ಲವೆಂದು ಟೀಚರಮ್ಮ ಮುಂದಿನ ಮೇಳಕ್ಕೂ ಹೆಸರು ನೋಂದಾಯಿಸಿದಳು.

ವಾಪಸು ಹೋಗುವ ಬಸ್ಸಿನಲ್ಲಿ ಭಾವ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ. ನೊರೆರಾಯನಿಗೆ ತಡೆಯಲಾಗಲಿಲ್ಲ. ಈ ಒಬ್ಬನಿಗಾದರೂ ನಿಜ ಹೇಳಿಬಿಡೋಣ, ನಾನು ಕುಡಿಯಲೇ ಇಲ್ಲ, ಹೆದರಿದೆ ಎಂದುಬಿಡೋಣ ಎಂದು ಅವನ ಕಡೆ ತಿರುಗಿದ.

"ಭಾವಾ..."

"ಏನೂ ಹೇಳ್ಬೇಡ," ಎಂದ ಭಾವ. ಅವನ ಕಣ್ಣು ತುಂಬಿತ್ತು. "ಆ ಜೇನು ಇನ್ನೂ ನಾಲಿಗೆ ಮೇಲಿದೆ."

ನೊರೆರಾಯ ಹನ್ನೆರಡನೆಯ ನೋಟುಬುಕ್ಕು ತೆಗೆದು, ದಿನಾಂಕ ಹಾಕಿ, ಕುಡಿದೆ, ಖುಷಿಯಾಯಿತು ಎಂದು ಬರೆದ.