ಮಗು ಯಾರ ಜೊತೆ ಹೋಯಿತು?

ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಹುದ್ದೆ ಇರಬೇಕು ಎಂಬುದು ನನಗೆ ನಿವೃತ್ತನಾದ ಮೇಲೆ ತಿಳಿಯಿತು. ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಟ್ರೋಲರ್ ಆಗಿದ್ದಾಗ ನನ್ನ ಸಿಟ್ಟಿಗೆ ಬೆಲೆ ಇತ್ತು. ಮೈಕಿನಲ್ಲಿ ಒಮ್ಮೆ ಗದರಿದರೆ ಸಾಕು, ಕಣೇಕಲ್ಲು ಬಸ್ಸಿನ ಡ್ರೈವರ್ ಅರ್ಧ ಕುಡಿದ ಟೀಯನ್ನು ಅಲ್ಲೇ ಇಟ್ಟು ಓಡಿಬರುತ್ತಿದ್ದ. ಈಗ ಮನೆಯಲ್ಲಿ ಅದೇ ದನಿಯಲ್ಲಿ ಗದರಿದರೆ ನನ್ನ ಹೆಂಡತಿ ಶಾರದಾ ಟೀವಿಯ ಸದ್ದನ್ನು ಇನ್ನಷ್ಟು ಏರಿಸುತ್ತಾಳೆ, ಅಷ್ಟೆ. ಹೀಗೆ ನನ್ನ ಒಳ್ಳೊಳ್ಳೆಯ ಸಿಟ್ಟೆಲ್ಲ ದಂಡವಾಗುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯ ಹಿರಿಯರು ಸೇರಿ, ಶಾಲೆ ಬಿಟ್ಟ ಮೇಲೆ ಮಕ್ಕಳು ಬೀದಿ ಸುತ್ತದಿರಲೆಂದು ಸಮುದಾಯ ಭವನದಲ್ಲಿ ಒಂದು ಸಂಜೆ ಕೇಂದ್ರ ತೆರೆದರು. ನೋಡಿಕೊಳ್ಳಲು ಒಬ್ಬ ಶಿಸ್ತಿನ ಮನುಷ್ಯ ಬೇಕು ಅಂದರು. ನಾನು ಅವರ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ಶಾರದಾ ಮಡಕಶಿರಾ ಕಡೆಯವಳು; ಮದುವೆಯಾಗಿ ಇಷ್ಟು ವರ್ಷವಾದರೂ ತವರಿನ ಮಾತು ಬಿಟ್ಟಿಲ್ಲ, ನನ್ನ ಮಾತು ಕೇಳಿಯೂ ಇಲ್ಲ. "ಬ್ಯಾಡ ಕಣ್ರೀ, ಹುಡುಗ್ರು ಬಸ್ಸಲ್ಲ. ವಿಷಲ್ ಊದಿದ್ರೆ ಹೊರಡಾಕಿಲ್ಲ" ಅಂದಳು.

ನಮ್ಮದು ಆಂಧ್ರದ ಗಡಿಯ ಊರಾದ್ದರಿಂದ ಕೇಂದ್ರದ ಬೋರ್ಡಿನ ಮೇಲೆ 'ಬಾಲ ಪ್ರತಿಭಾ ವಿಕಾಸ ಕೇಂದ್ರ' ಎಂದು ಕನ್ನಡದಲ್ಲೂ ತೆಲುಗಿನಲ್ಲೂ ದಪ್ಪ ಅಕ್ಷರಗಳಲ್ಲಿ ಬರೆದಿದೆ. ಅದನ್ನು ಓದಿದವನು ಬಹುಶಃ ಬರೆದ ಪೇಂಟರ್ ಒಬ್ಬನೇ. ಉಳಿದವರಿಗೆಲ್ಲ ಅದು 'ಸಂಜೆ ಬಡಿ'; ತೆಲುಗಿನ ಬಡಿ, ಅಂದರೆ ಶಾಲೆ. ಚಿತ್ರಕಲೆ, ಚೆಸ್ಸು, ಕಥೆ, ಯೋಗ ಎಲ್ಲ ಉಂಟು. ಚಿತ್ರ ಕಲಿಸುವ ಹುಡುಗಿ ಒಂದು ಗಂಟೆ ಇದ್ದು ಬಳ್ಳಾರಿ ಬಸ್ಸಿಗೆ ಓಡುತ್ತಾಳೆ, ಆಮೇಲಿನ ಪ್ರತಿಭೆಯೆಲ್ಲ ನನ್ನ ತಲೆಯ ಮೇಲೆ ವಿಕಾಸಗೊಳ್ಳುತ್ತದೆ. ಮಕ್ಕಳು ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ಚಾಡಿ ಹೇಳುತ್ತಾರೆ. ಚೆಸ್ಸಿನ ಕುದುರೆಗಳು ಒಂದೊಂದಾಗಿ ಚಡ್ಡಿ ಜೇಬು ಸೇರಿವೆ. ಯೋಗದಲ್ಲಿ ಅವರಿಗೆ ಚೆನ್ನಾಗಿ ಒಲಿದಿರುವುದು ಶವಾಸನ ಒಂದೇ. ಮಲಗಿದವರನ್ನು ಎಬ್ಬಿಸುವ ಆಸನ ಯಾವುದೆಂದು ನಾನು ಇನ್ನೂ ಹುಡುಕುತ್ತಿದ್ದೇನೆ. ನಮ್ಮೂರಿನಲ್ಲಿ ಮನೆಮನೆಗೂ ಹೊಲಿಗೆ ಮಿಷನ್, ಮಿಷನ್ನಿನ ಪಕ್ಕ ಜೀನ್ಸ್ ಪ್ಯಾಂಟುಗಳ ಗುಡ್ಡೆ. ಹಾಗಾಗಿ ಏನು ಬರೆಯಲು ಹೇಳಿದರೂ ಮಕ್ಕಳು ಪ್ಯಾಂಟು ಬರೆಯುತ್ತಾರೆ. ಕೋಟೆ ಬೆಟ್ಟ ಬರೆಯಿರಿ ಅಂದೆ. ಭವಾನಿ ಎಂಬ ಆರೇಳು ವರ್ಷದ ಹುಡುಗಿ ಬಹಳ ಅಚ್ಚುಕಟ್ಟಾಗಿ ಬೆಟ್ಟ ಬರೆದು, ಸೂರ್ಯನನ್ನು ಬರೆದು, ಕೊನೆಗೆ ಬೆಟ್ಟಕ್ಕೊಂದು ಜಿಪ್ಪು ಹಾಕಿ ತಂದಳು. ಇದೇನೆ ಅಂದರೆ, "ಕೋಟಿಯೊಳಗ ಹೋಗಾಕ ದಾರಿ ಬೇಕಲ್ರಿ ಸಾರ್‌ತಾತ" ಅಂದಳು. ಸಾರ್ ಎಂದು ಕರೆಯಬೇಕೆಂದು ನಾನು ಹೇಳಿದ್ದೆ, ತಾತ ಎಂದು ಅವರಿಗೆ ಕಾಣಿಸಿತ್ತು, ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದರು.

ಇದನ್ನೆಲ್ಲ ನಾನು ಸಹಿಸಿಕೊಂಡೇನು. ಸಹಿಸಲಾಗದ್ದು ಸಂಜೆ ಆರು ಗಂಟೆ. ಆರಕ್ಕೆ ಮಕ್ಕಳನ್ನು ಮನೆಯವರು ಬಂದು ಕರೆದೊಯ್ಯಬೇಕು. ಆದರೆ ನಮ್ಮ ಊರಿನಲ್ಲಿ ಮಕ್ಕಳನ್ನು ಕರೆದೊಯ್ಯುವುದಕ್ಕೆ ಮನೆಯವರೇ ಆಗಬೇಕೆಂದಿಲ್ಲ. ಯಾರು ಆ ಕಡೆ ಹೋಗುತ್ತಾರೋ ಅವರು ಆ ಕಡೆಯ ಮಕ್ಕಳನ್ನೆಲ್ಲ ಬಾಚಿಕೊಂಡು ಹೋಗುತ್ತಾರೆ. ಹಾಲು ಹಾಕುವವನು ಬಂದು ಇಬ್ಬರನ್ನು ಕೂಗುತ್ತಾನೆ. ಅವರಲ್ಲಿ ಒಬ್ಬನೂ ಅವನವನಲ್ಲ. ಒಂದು ದಿನ ಲೆಕ್ಕ ಹಾಕುವಾಗ ಭವಾನಿ ಕಾಣಲಿಲ್ಲ. ಭವನದ ಹಿಂದೆ, ಬಾವಿಕಟ್ಟೆ, ಚರಂಡಿ, ಎಲ್ಲ ನೋಡಿ ಬೆವತುಕೊಂಡು ಅವಳ ಮನೆಗೆ ಓಡಿದೆ. ತಾಯಿ ರತ್ನಮ್ಮ ಮಿಷನ್ ಮುಂದೆ ಕೂತಿದ್ದಳು. ನಿಮ್ಮ ಮಗಳು ಕಾಣುತ್ತಿಲ್ಲ ಎಂದು ನಾನು ತೊದಲಿದರೆ, ಆಕೆ ಹೊಲಿಗೆ ನಿಲ್ಲಿಸದೆ, "ನಾಗವೇಣಕ್ಕ ಕರ್ಕೊಂಡು ಹೋಗಿರ್ತಾಳ ಬಿಡ್ರಿ ಸಾರ್. ನೀವ್ಯಾಕ ಓಡ್ಕೊಂಡು ಬರಾಕ ಹೋದ್ರಿ? ನೀರು ಕುಡೀರಿ" ಅಂದಳು.

"ನಾಗವೇಣಿ ನಿಮಗೆ ಏನಾಗಬೇಕಮ್ಮ?"

"ಏನೂ ಆಗಬೇಕಿಲ್ರಿ. ಆಕಿ ಈ ಕಡೀಗೇ ಬರ್ತಾಳಲ್ರಿ?"

ಈ ನಾಗವೇಣಿ ಅಂಗಡಿಗಳಿಂದ ಕತ್ತರಿಸಿದ ಬಟ್ಟೆಯ ಗಂಟುಗಳನ್ನು ಮೊಪೆಡ್ಡಿನ ಮೇಲೆ ಹೇರಿಕೊಂಡು ಮನೆಮನೆಗೆ ಹಂಚುವವಳು, ಹೊಲಿದಾದ ಮೇಲೆ ಮತ್ತೆ ಒಯ್ಯುವವಳು. ಅವಳ ಮಗ ಮಂಜು ನಮ್ಮ ಕೇಂದ್ರಕ್ಕೇ ಬರುತ್ತಾನೆ. ಗಂಟಿನ ಜೊತೆ ಮಂಜುವನ್ನೂ, ಮಂಜುವಿನ ಜೊತೆ ಕಣ್ಣಿಗೆ ಬಿದ್ದ ಮಕ್ಕಳನ್ನೂ ಹೇರಿಕೊಂಡು ಹೋಗುವುದು ಅವಳ ಪದ್ಧತಿ. ಅವಳು ಗಂಟು ಹಾಕುವ ಮನೆಗಳನ್ನು ಹುಡುಕುತ್ತ ಹೋದಾಗ ಮೂರನೆಯ ಮನೆಯಲ್ಲಿ ಭವಾನಿ ಸಿಕ್ಕಳು. ಆ ಮನೆಯೂ ಅವಳದಲ್ಲ, ನಾಗವೇಣಿಯದೂ ಅಲ್ಲ. ಮಂಜುವೂ ಸೇರಿ ಮೂವರೂ ಅಲ್ಲಿ ಕೂತು ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ತಿನ್ನುತ್ತಿದ್ದರು. ಆ ಮನೆಯಾಕೆ ನನಗೂ ಒಂದು ತಟ್ಟೆ ಕೊಟ್ಟಳು. ಸಿಟ್ಟಿನಲ್ಲೇ ತಿಂದೆ. ಸಿಟ್ಟಿನಲ್ಲೇ ಇನ್ನೊಂದು ಮಿರ್ಚಿ ಹಾಕಿಸಿಕೊಂಡೆ. ಆದರೆ ಮನೆಗೆ ಬರುವಷ್ಟರಲ್ಲಿ ನನ್ನ ನಿರ್ಧಾರ ಗಟ್ಟಿಯಾಗಿತ್ತು: ನಾಳೆಯಿಂದ ತಾಯಿ ಇಲ್ಲವೇ ತಂದೆ ಬಂದರೆ ಮಾತ್ರ ಮಗು, ಇಲ್ಲವಾದರೆ ಇಲ್ಲ.

ಶಾರದಾ ಕೇಳಿ ನಕ್ಕಳು. "ನೀವು ಬಸ್ ಸ್ಟ್ಯಾಂಡ್‌ನಾಗೆ ಇದ್ದಾಗ ಮಾಡಿದ್ದೇನ್ರೀ? ಕಂಡೋರ ಮಕ್ಕಳ್ನೆಲ್ಲ ಕಂಡಕ್ಟರ್ ಕೈಗೆ ಕೊಟ್ಟು, ಕಲ್ಯಾಣದುರ್ಗದಾಗೆ ಇವನ ಮಾವ ನಿಂತಿರ್ತಾನೆ ಇಳ್ಸು ಅಂತ ಕಳುಸ್ತಿರ್ಲಿಲ್ವಾ?" ಅದು ಸರ್ಕಾರಿ ವಾಹನ ಅಂದೆ. ಸರ್ಕಾರಿ ವಾಹನಕ್ಕೂ ಮೊಪೆಡ್ಡಿಗೂ ಇರುವ ವ್ಯತ್ಯಾಸವನ್ನು ನಾನು ವಿವರಿಸುತ್ತಿರುವಾಗ ಟೀವಿಯ ಸದ್ದು ಏರಿತು.

ನಿಯಮವೇನೋ ಜಾರಿಗೆ ಬಂತು. ಆದರೆ ಈ ಊರಿನ ತಾಯಂದಿರು ನಿಯಮ ಅಂದರೆ ಏನೆಂದುಕೊಂಡಿದ್ದಾರೆ ಹೇಳಿ! ಒಬ್ಬಳು, "ನಾನು ಆಕೀಗೆ ಚಿಕ್ಕವ್ವ ಆಗ್ತೀನ್ರಿ, ಚಿಕ್ಕವ್ವ ಅಂದ್ರ ಅವ್ವ ಅಲ್ಲೇನ್ರಿ?" ಎಂದು ವಾದಕ್ಕಿಳಿದಳು. ಇನ್ನೊಬ್ಬ ಎದುರು ಮನೆಯ ಹುಡುಗಿಯನ್ನು ಕರೆಯಲು ಬಂದು, ಅಪ್ಪನೇನಯ್ಯ ಅಂದರೆ ನಾಚಿಕೊಂಡು ಹೋದ. ಸರಕಿನ ಲಾರಿ ಹೊರಡುವ ದಿನಗಳಲ್ಲಂತೂ ಮಿಷನ್ ಬಿಟ್ಟು ಯಾರೂ ಏಳುವಂತಿಲ್ಲ; ಕತ್ತಲಾದರೂ ನಾನೂ ಮಕ್ಕಳೂ ಭವನದ ಮೆಟ್ಟಿಲ ಮೇಲೆ ಸೊಳ್ಳೆ ಹೊಡೆಯುತ್ತ ಕೂತಿರುತ್ತಿದ್ದೆವು. ನಾಗವೇಣಿ ದಿನವೂ ಮೊಪೆಡ್ ತಂದು ನಿಲ್ಲಿಸಿ, "ಮಂಜೂನ ಒಬ್ಬನ್ನ ಹೆಂಗ ಕರ್ಕೊಂಡು ಹೋಗ್ಲಿ ಸಾರ್? ಉಳಿದವು ನನ್ನ ಮಾರಿ ನೋಡ್ತಾವಲ್ರಿ" ಅನ್ನುತ್ತಿದ್ದಳು. ನಾನು ಕರಗಲಿಲ್ಲ. ಇಡೀ ಊರಿನಲ್ಲಿ ನನ್ನ ನಿಯಮವನ್ನು ಒಪ್ಪಿಕೊಂಡ ಪ್ರಾಣಿ ಅಂದರೆ ಭವಾನಿ ಒಬ್ಬಳೇ. ಎಲ್ಲರಿಗಿಂತ ಕೊನೆಗೆ ಹೋಗುವವಳು ಅವಳೇ ಆದ್ದರಿಂದ ಅವಳನ್ನು ಗೇಟಿನ ಕಾವಲಿಗೆ ನೇಮಿಸಿದೆ. ಬಂದವರ ಮುಂದೆ ಕೈ ಅಡ್ಡ ಹಿಡಿದು, "ಅವ್ವ ಏನ್ರಿ, ಅಪ್ಪ ಏನ್ರಿ?" ಎಂದು ಕೇಳಿಯೇ ಒಳಗೆ ಬಿಡುತ್ತಿದ್ದಳು. ನನ್ನ ಸರ್ವೀಸಿನಲ್ಲಿ ಅಂಥ ಸಿಬ್ಬಂದಿ ನನಗೆ ಸಿಕ್ಕಿರಲಿಲ್ಲ.

ಒಂದು ಸಂಜೆ ರತ್ನಮ್ಮ ಬಹಳ ತಡವಾಗಿ ಬಂದಳು. ಸೆರಗಿನ ತುಂಬ ನೀಲಿ ದಾರದ ಚೂರುಗಳು. ಜಗಳ ಮಾಡಲಿಲ್ಲ, ಮಾಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. "ಸಾರ್, ದಿನಾ ಮಿಷನ್ ಬಿಟ್ಟು ಬರಾಕ ನನ್ನ ಕೈಲಿ ಆಗವಲ್ದು. ಇವರಪ್ಪ ದಾವಣಗೆರಿ ಕಡಿ ಲಾರಿ ಮ್ಯಾಲ ಹೋಗ್ಯಾನ, ಯಾವಾಗ ಬರ್ತಾನ ಗೊತ್ತಿಲ್ಲ. ಇನ್ನ ಈಕಿ ಮನ್ಯಾಗ ಇರ್ಲಿ ಬಿಡ್ರಿ. ಪ್ಯಾಂಟಿನ ದಾರ ಕತ್ತರಿಸ್ಕೊಂಡು ಕುಂದರ್ತಾಳ" ಅಂದಳು. ಭವಾನಿ ಕೈಯಲ್ಲಿದ್ದ ಚಿತ್ರವನ್ನು ಬೆನ್ನ ಹಿಂದೆ ಹಿಡಿದುಕೊಂಡಳು. ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟವಾದಾಗ ನನಗೆ ಸಿಟ್ಟೇ ಬರುವುದು. ಬೇರೇನಾದರೂ ಬರುವಂತೆ ದೇವರು ನನ್ನನ್ನು ಮಾಡಿಲ್ಲ. ಈ ರತ್ನಮ್ಮನ ಮೇಲೆ, ಲಾರಿಯ ಮೇಲೆ, ದಾವಣಗೆರೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಮಗುವಿನ ಚಿತ್ರಕಲೆ ಬಿಡಿಸುತ್ತೀರಲ್ಲ, ನಿಮಗೆ ಏನನ್ನಬೇಕು ಎಂದು ಕೂಗಾಡಿದೆ. "ಹಂಗಾದ್ರ ನಾಗವೇಣಕ್ಕನ ಜೋಡಿ ಕಳಸ್ರಿ" ಅಂದಳು. "ರೂಲ್ ಅಂದರೆ ರೂಲ್" ಅಂದೆ ನಾನು. ಈ ವಾರ ಮುಗಿಯುವ ತನಕ ಕಳಿಸುತ್ತೇನೆ, ಆಮೇಲೆ ಇಲ್ಲ ಎಂದು ಹೇಳಿ ಅವಳು ಮಗಳ ಕೈ ಹಿಡಿದು ನಡೆದಳು.

ವಾರದ ಕೊನೆಯ ದಿನವೂ ಬಂತು. ಅಂದು ಶವಾಸನವನ್ನು ಸರಿಯಾಗಿ ತೋರಿಸಿಕೊಡಬೇಕೆಂಬ ಹುಮ್ಮಸ್ಸಿನಲ್ಲಿ ಕನ್ನಡಕ ತೆಗೆದು ಪಕ್ಕದ ಚಾಪೆಯ ಮೇಲಿಟ್ಟು ನಾನೇ ಅಂಗಾತ ಮಲಗಿದೆ. ಆ ಚಾಪೆಯ ಮೇಲೆ ಮಂಜು ಶವಾಸನ ಮಾಡಿದ. ಕನ್ನಡಕ ಇಲ್ಲದೆ, ಅದರಲ್ಲೂ ಹೊತ್ತು ಮುಳುಗಿದ ಮೇಲೆ, ನನಗೆ ಎಮ್ಮೆಗೂ ಆಟೋಗೂ ವ್ಯತ್ಯಾಸ ತಿಳಿಯುವುದಿಲ್ಲ. ಶಾರದೆಗೆ ಫೋನ್ ಮಾಡಿ, ನಡೆದು ಬರುವುದು ಸಾಧ್ಯವಿಲ್ಲ ಎಂದೆ. "ಅಲ್ಲೇ ಕೂತಿರಿ, ಯಾರ್ನಾದ್ರೂ ಕಳುಸ್ತೀನಿ" ಅಂದಳು. ಯಾರನ್ನಾದರೂ! ಕೈಹಿಡಿದ ಗಂಡನನ್ನು ಕರೆತರಲು ಯಾರಾದರೂ ಆದೀತಂತೆ! ಮಕ್ಕಳೆಲ್ಲ ಹೋದರು. ಮಂಜುವನ್ನು ಆ ದಿನ ಅಪ್ಪನೇ ಬಂದು, ಕನ್ನಡಕದ ವಿಷಯ ಏಳುವ ಮೊದಲೇ ಕರೆದೊಯ್ದ. ಉಳಿದವರು ನಾನೂ ಭವಾನಿಯೂ. ಅಷ್ಟರಲ್ಲಿ ಮೊಪೆಡ್ಡಿನ ಸದ್ದು ಕೇಳಿತು.

"ಸಾರ್, ಶಾರದಕ್ಕ ಫೋನ್ ಮಾಡಿದ್ರು. ಬರ್ರಿ, ಹಿಂದ ಹತ್ರಿ" ಅಂತು ನಾಗವೇಣಿಯ ದನಿ.

ನಾನು ಗೋಡೆ ಹಿಡಿದುಕೊಂಡು ಎದ್ದೆ. ಗೇಟಿನಲ್ಲಿ ಎರಡು ಪುಟ್ಟ ಕೈಗಳು ಅಡ್ಡ ಬಂದವು. ಭವಾನಿ ಆ ಕಡೆಗೆ ತಿರುಗಿ ಕೇಳಿದಳು: "ನೀವು ಸಾರ್‌ತಾತಗ ಅವ್ವ ಏನ್ರಿ, ಅಪ್ಪ ಏನ್ರಿ?"

"ಏನೂ ಅಲ್ಲವ್ವ. ಆ ಕಡೀಗೇ ಹೊಂಟಿದ್ದೆ."

"ಹಂಗಾದ್ರ ಬಿಡಂಗಿಲ್ರಿ."

ನಾನು ದೊಡ್ಡವನು ಕಣಮ್ಮ, ದೊಡ್ಡವರಿಗೆ ರೂಲ್ ಇಲ್ಲ ಅಂದೆ. ದೊಡ್ಡವರಾದರೆ ಒಬ್ಬರೇ ಹೋಗಬೇಕಲ್ಲ ಅಂದಳು. ಕಣ್ಣು ಕಾಣುವುದಿಲ್ಲ ಅಂದೆ. "ಹಂಗಾದ್ರ ನಿಮ್ಮ ಅವ್ವಗ ಫೋನ್ ಮಾಡ್ರಿ" ಅಂದಳು. ನಮ್ಮ ಅವ್ವ ಇಲ್ಲಮ್ಮ, ತೀರಿಹೋಗಿ ಬಹಳ ಕಾಲವಾಯಿತು ಅಂದೆ. "ಅಪ್ಪ?" ಅವರೂ ಇಲ್ಲ. ಹುಡುಗಿ ಅಡ್ಡ ಹಿಡಿದ ಕೈ ಮೆಲ್ಲಗೆ ಇಳಿಯಿತು. ಹತ್ತಿರ ಬಂದು, ದೊಡ್ಡವರು ಸಾವಿನ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳಿದಳು: "ಮತ್ತ ನಿಮ್ಮನ್ನ ಯಾರು ಕರ್ಕೊಂಡು ಹೋಗ್ತಾರ್ರಿ?"

ನನ್ನದೇ ನಿಯಮದ ಪ್ರಕಾರ ನನ್ನನ್ನು ಮನೆಗೆ ಕರೆದೊಯ್ಯುವ ಅಧಿಕಾರವಿದ್ದವರು ಈ ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನಾಗವೇಣಿ ಇಂಜಿನ್ ಆರಿಸಿ ನಿಂತಿದ್ದಳು. ಅವಳು ನಗಬಹುದಿತ್ತು, ನಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

"ಭವಾನಿ, ರೂಲ್ ಬದಲಾಗಿದೆ. ಇನ್ನು ಮೇಲೆ ಮಗುವಿಗೂ ಅವರ ಮನೆಯವರಿಗೂ ಚೆನ್ನಾಗಿ ಗೊತ್ತಿರುವವರು ಬಂದರೆ ಕಳಿಸಬಹುದು" ಅಂದೆ.

"ಯಾವಾಗಿಂದ್ರಿ?"

"ಈಗಿನಿಂದ."

"ನಂಗೂ ಏನ್ರಿ?"

"ನಿನಗೂ ಕಣಮ್ಮ. ಸೋಮವಾರದಿಂದಲೂ. ನಿಮ್ಮ ಅವ್ವಗೆ ನಾನೇ ಹೇಳ್ತೀನಿ."

ಮಾತು ಮುಗಿಯುವ ಮೊದಲೇ ಅವಳು ಓಡಿಹೋಗಿ ಮೊಪೆಡ್ಡಿನ ಮುಂದಿನ ಗಂಟಿನ ಮೇಲೆ ಹತ್ತಿ ಕೂತಿದ್ದಳು. ನಾನು ನನ್ನ ಚೀಲ ಹಿಡಿದು ಹಿಂದೆ ಕೂತು, ನನ್ನ ತೊಡೆಯ ಮೇಲೆ ಇನ್ನೊಂದು ಗಂಟು ಹೊತ್ತು, ಕಣ್ಣಿಗೆ ಕಾಣದ ಊರಿನ ನಡುವೆ ಸಾಗಿದೆ. ದಾರಿಯುದ್ದಕ್ಕೂ ಯಾರು ಯಾರೋ, "ಸಾರ್‌ನ ಎಲ್ಲಿಗೆ ಹೊತ್ಕೊಂಡು ಹೊಂಟಿ ನಾಗವೇಣಕ್ಕ?" ಎಂದು ಕೂಗುತ್ತಿದ್ದರು. ಅವಳು ಎಲ್ಲರಿಗೂ ಉತ್ತರ ಕೊಟ್ಟಳು.

ಮನೆಯ ಬಾಗಿಲಲ್ಲಿ ಶಾರದಾ ನಿಂತಿದ್ದಳು. ನಾನು ಇಳಿಯಲು ಕಾಲು ಎತ್ತಿದರೆ, ಭವಾನಿ ತಿರುಗಿ ನನ್ನ ಅಂಗಿ ಹಿಡಿದುಕೊಂಡು ಅವಳನ್ನು ಕೇಳಿದಳು: "ಅಜ್ಜಿ, ಸಾರ್‌ತಾತ ನಿಮಗ ಗೊತ್ತೇನ್ರಿ?"

ಶಾರದಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಂತೆ ತೋರಿತು. "ಗೊತ್ತು ಕಣವ್ವ. ಬ್ಯಾರೆ ಯಾರೂ ಕೇಳಾಕಿಲ್ಲ ಅಂತ ನಾನೇ ಇಟ್ಕಂಡಿದೀನಿ" ಅಂದಳು.

ಅಂಗಿ ಬಿಟ್ಟಳು ಹುಡುಗಿ. ನಾನು ಇಳಿದೆ. ಶಾರದಾ ನನ್ನ ಕೈಯಿಂದ ಚೀಲ ತೆಗೆದುಕೊಂಡು, ಮಗುವನ್ನು ಕರೆತಂದವರನ್ನು ಎಲ್ಲ ತಾಯಂದಿರೂ ಕೇಳುವ ಹಾಗೆಯೇ ನಾಗವೇಣಿಯನ್ನು ಕೇಳಿದಳು: "ಗಲಾಟೆ ಏನೂ ಮಾಡ್ಲಿಲ್ವಾ?"

"ಮೊದಲು ಸ್ವಲ್ಪ ಹಟ ಮಾಡಿದ್ರಕ್ಕ. ಆಮ್ಯಾಲ ಶ್ಯಾಣ್ಯಾರಾದ್ರು" ಅಂದಳು ನಾಗವೇಣಿ.

ನಾನು ಬಾಯಿ ತೆರೆದೆ. ಬಸ್ ಸ್ಟ್ಯಾಂಡ್ ನಡುಗುವಂಥ ಮಾತೊಂದು ನಾಲಿಗೆಯ ತುದಿಯವರೆಗೆ ಬಂದಿತ್ತು. "ಕೈಕಾಲು ತೊಳ್ಕಂಡು ಬರ್ರಿ, ತಿನ್ನಾಕೆ ಕೊಡ್ತೀನಿ" ಅಂದಳು ಶಾರದಾ. ಸಿಟ್ಟಿನ ಜೊತೆ ಹಸಿವೂ ಆಗಿತ್ತು. ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ.