ಕ್ಯಾಸೆಟ್ಟು ಒಳಗೆ ಹೋಗುವ ಹೊತ್ತು

ಇಡೀ ಮೈಸೂರಿನಲ್ಲಿ ಕಂಪ್ಯೂಟರಿಗೆ ಮಡಿ ಕಲಿಸಿದವರು ಯಾರಾದರೂ ಇದ್ದರೆ ಅದು ನಮ್ಮ ಭಾವನವರೇ! ನಾನು ಎರಡು ಹೊತ್ತೂ ದೇವರಿಗೆ ದೀಪ ಹಚ್ಚುವವಳು, ಮಡಿಯೆಂದರೆ ಏನೆಂದು ಬಲ್ಲೆ. ಆದರೂ ಅವರ ಮಡಿಯ ಮುಂದೆ ನನ್ನದೇನೂ ಅಲ್ಲ. ಪೂಜೆಯ ಮಧ್ಯೆ ನಾನು ಕೆಮ್ಮಿದರೆ ನನ್ನ ದೇವರು ಸಹಿಸಿಕೊಳ್ಳುತ್ತಾನೆ. ಅವರ ಕಂಪ್ಯೂಟರು ಸಹಿಸುವುದಿಲ್ಲವಂತೆ.

ಭಾವನವರೆಂದರೆ ನಮ್ಮ ಯಜಮಾನರ ಅಣ್ಣ. ರಾಮಕೃಷ್ಣನಗರದ ಮನೆಯಲ್ಲಿ ಕೆಳಗೆ ನಾವು, ಮೇಲೆ ಅವರು ಮತ್ತು ನನ್ನ ಓರಗಿತ್ತಿ. ಓರಗಿತ್ತಿಯನ್ನು ನಾನು ಅಕ್ಕ ಎನ್ನುವುದು. ಬಹಳ ಹಿಂದೆ ಭಾವನವರು ಪುಟ್ಟ ಕ್ಯಾಸೆಟ್ಟು ಹಾಕುವ ಎಚ್‌ಡಿ ಕ್ಯಾಮೆರಾ ಒಂದನ್ನು ತಂದರು. "ಇದ್ರಲ್ಲಿ ಹೋಳಿಗೆ ತೆಗೆದ್ರೆ, ಮೇಲಿರೋ ತುಪ್ಪದ ಹನಿ ಎಣಿಸ್ಬೋದು ಕಣಮ್ಮ" ಎಂದರು. ಎಣಿಸಿ ಏನು ಮಾಡುವುದು ಎಂದು ಕೇಳುವ ಧೈರ್ಯ ಯಾರಿಗಿತ್ತು? ಆಮೇಲೆ ನಮ್ಮ ಬಂಧುಬಳಗದ ಒಂದು ನಾಮಕರಣವಾಗಲಿ, ಗೃಹಪ್ರವೇಶವಾಗಲಿ ಅವರಿಂದ ತಪ್ಪಿಸಿಕೊಳ್ಳಲಿಲ್ಲ. ಮಾವನವರ ಶ್ರಾದ್ಧಕ್ಕೂ ಅದನ್ನು ಹೊತ್ತು ತಂದಿದ್ದರು. ಪುರೋಹಿತರೇ ಕೈಮುಗಿದರು: "ಲೈಟು ಆರ್ಸಿ ಸ್ವಾಮಿ, ಬರೋ ಪಿತೃಗಳು ಹೆದರ್ಕೊಂಡು ವಾಪಸ್ ಹೋಗ್ಬುಡ್ತಾರೆ!"

ಇಷ್ಟೆಲ್ಲ ತೆಗೆದರಲ್ಲ, ನೋಡಿದವರು ಮಾತ್ರ ಒಬ್ಬರೂ ಇಲ್ಲ. "ಎಡಿಟ್ ಮಾಡ್ದೆ ತೋರ್ಸೋದಾ? ಬೇಯಿಸ್ದೆ ಬಡಿಸ್ದಂಗೆ ಆಗುತ್ತೆ" ಎನ್ನುತ್ತಿದ್ದರು. ಕ್ಯಾಸೆಟ್ಟುಗಳು ಬಿಸ್ಕತ್ತಿನ ಡಬ್ಬ ಸೇರಿದವು. ಬೇಯುವ ದಿನ ಬರಲೇ ಇಲ್ಲ.

ಬಂದದ್ದು ಈಚೆಗೆ. ಅಕ್ಕನಿಗೆ ಗಂಟಲಿನ ಆಪರೇಷನ್ ಆಯಿತು. ತಾಯಿ ಚಾಮುಂಡಿಯ ದಯೆ, ಜೀವ ಉಳಿಯಿತು. ದನಿ ಉಳಿಯಲಿಲ್ಲ. ಈಗ ಬರಿಯ ಪಿಸುಮಾತು. ನಮ್ಮ ಮನೆಯ ಶುಭಕಾರ್ಯಗಳಲ್ಲೆಲ್ಲ ಆರತಿಯ ಹಾಡು ಅಕ್ಕನದೇ ಆಗಿತ್ತು. ಹೂಟಗಳ್ಳಿಯಲ್ಲಿರುವ ಅವರ ಮಗಳಿಗೆ ಸೀಮಂತ ನಿಶ್ಚಯವಾದಾಗ ಆ ಹುಡುಗಿ ಕೇಳಿದ್ದು ಒಂದೇ: "ಅಪ್ಪ, ನಂಗೆ ಸೀರೆ ಪೀರೆ ಏನೂ ಬೇಡ. ಆರತಿ ಹೊತ್ತಿಗೆ ಅಮ್ಮನ ಹಾಡು ಹಾಕ್ಸಿ. ನನ್ ಮದುವೇಲಿ ಹಾಡಿದ್ದು ನಿಮ್ ಕ್ಯಾಸೆಟ್ಟಲ್ಲಿ ಇರ್ಬೇಕಲ್ಲ?"

ಇದೆ. ಆದರೆ ಆ ಕ್ಯಾಸೆಟ್ಟನ್ನು ಓಡಿಸಬಲ್ಲದ್ದು ಆ ಮುದಿ ಕ್ಯಾಮೆರಾ ಒಂದೇ. "ಇನ್ನೆಷ್ಟು ಸಲ ಓಡುತ್ತೋ ಹೇಳೋಕಾಗಲ್ಲ ಸಾರ್, ಪಾರ್ಟು ಎಲ್ಲೂ ಸಿಗಲ್ಲ" ಎಂದು ರಿಪೇರಿಯವನು ಕೈಚೆಲ್ಲಿದ್ದ. ಅದು ಕಣ್ಣು ಮುಚ್ಚುವುದರೊಳಗೆ ಹಾಡು ಕಂಪ್ಯೂಟರು ಸೇರಬೇಕು. ಭಾವನವರು ಡಬ್ಬ ತೆರೆದರು. ಒಂದೊಂದು ಕ್ಯಾಸೆಟ್ಟಿನ ಬೆನ್ನ ಮೇಲೂ ಮುತ್ತಿನಂಥ ಅಕ್ಷರದಲ್ಲಿ 'ಶ್ರೀ' ಎಂದು ಬರೆದಿತ್ತು. ಅಷ್ಟೇ!

"ಇದೇನ್ ಭಾವ, ಎಲ್ಲಾದ್ರ ಮೇಲೂ ಬರೀ ಶ್ರೀ?"

"ಶ್ರೀಕಾರ ಹಾಕ್ದೆ ಏನೂ ಬರೀಬಾರ್ದಲ್ಲಮ್ಮ. ಹಾಕ್ದೆ. ಮಿಕ್ಕಿದ್ದು ಆಮೇಲೆ ಬರೆಯೋಣ ಅಂತ ಬಿಟ್ಟೆ."

ಹೀಗಾಗಿ ಮದುವೆಯ ಕ್ಯಾಸೆಟ್ಟು ಸಿಗುವವರೆಗೆ ಒಂದೊಂದನ್ನೇ ಒಳಗೆ ಕಳಿಸಬೇಕಾಯಿತು. ಈ ಕ್ಯಾಸೆಟ್ಟುಗಳಿಗೆ ಅವಸರವೆಂಬುದೇ ಇಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಒಂದು ಗಂಟೆ ಓಡಿಯೇ ಒಳಗೆ ಹೋಗಬೇಕು. ಭಾವನವರು ರಾಹುಕಾಲ ಕಳೆದ ಮೇಲೆ ಸ್ನಾನ ಮಾಡಿ, ಪಂಚೆಯುಟ್ಟು, ಕಂಪ್ಯೂಟರಿಗೆ ಒಂದು ಹೂವಿಟ್ಟು ತಂತಿ ಸಿಕ್ಕಿಸುತ್ತಿದ್ದರು. ಆಮೇಲೆ ಮನೆಯಲ್ಲಿ ಮಿಕ್ಸಿ ತಿರುಗಿಸುವಂತಿಲ್ಲ, ಕರೆಂಟು ಕುಗ್ಗಿ ಕಂಪ್ಯೂಟರು ನಿಂತುಬಿಡುತ್ತದೆ. ಪಂಪು ಹಾಕುವಂತಿಲ್ಲ. ಕುಕ್ಕರು ಕೂಗುವಂತಿಲ್ಲ!

"ಅಣ್ಣ, ಹಾಡು ಹೋಗೋದು ತಂತೀಲಿ. ಕುಕ್ಕರ್ ಕೂಗಿದ್ರೆ ಅದಕ್ಕೇನು?" ಎಂದರು ನಮ್ಮ ಯಜಮಾನರು.

"ತಂತಿ ಇರೋದು ಗಾಳೀಲಿ ತಾನೆ? ಸುಮ್ನಿರೋ!"

ಸುಮ್ಮನಿದ್ದೆವು. ಒರಳಿನಲ್ಲಿ ಚಟ್ನಿ ರುಬ್ಬಿದೆ, ಅನ್ನವನ್ನು ಬಸಿದು ಮಾಡಿದೆ. ಸುಳ್ಳೇಕೆ ಹೇಳಲಿ, ಎರಡೂ ರುಚಿಯಾಗಿದ್ದವು. ಭಗವಂತ ಒಂದು ಕಡೆ ಕಿತ್ತುಕೊಂಡರೆ ಇನ್ನೊಂದು ಕಡೆ ಒಂದು ಚಮಚವಾದರೂ ಬಡಿಸುತ್ತಾನೆ.

ಆ ಮಧ್ಯಾಹ್ನಗಳು ಈಗಲೂ ನನಗೆ ಅರೆನಿದ್ದೆಯ ಹಾಗೆ ನೆನಪಾಗುತ್ತವೆ. ಕಿಟಕಿಯಲ್ಲಿ ಹೊಂಗೆಯ ನೆರಳು. ಒಳಗೆ ಕ್ಯಾಮೆರಾದ ಸಣ್ಣ ಗುಂಯ್ ಸದ್ದು, ಖಾಲಿ ಕೊಡದೊಳಗೆ ದುಂಬಿ ಹೊಕ್ಕ ಹಾಗೆ. ಅಕ್ಕ ಅವರೆಕಾಳು ಬಿಡಿಸುತ್ತ, ನಾನು ಬತ್ತಿ ಹೊಸೆಯುತ್ತ ಕೂರುತ್ತಿದ್ದೆವು. ಪರದೆಯ ಮೇಲೆ ಕಳೆದುಹೋದ ವರ್ಷಗಳು ಒಂದಿಷ್ಟೂ ಆತುರಪಡದೆ ಮತ್ತೊಮ್ಮೆ ನಡೆಯುತ್ತಿದ್ದವು. ಈಗ ಗಡ್ಡ ಬಿಟ್ಟಿರುವ ಹುಡುಗ ತೊಟ್ಟಿಲಲ್ಲಿ ಕಾಲಾಡಿಸುತ್ತಿದ್ದ. ಈಗ ಇಲ್ಲದವರೊಬ್ಬರು ಎಲೆಯ ಮುಂದೆ ಕೂತು ಇನ್ನಷ್ಟು ಮಜ್ಜಿಗೆ ಕೇಳುತ್ತಿದ್ದರು. ನನಗೆ ಜೊಂಪು ಹತ್ತಿಬಿಡುತ್ತಿತ್ತು. ಎಚ್ಚರವಾದಾಗ ಕೇಳಿದ ನಗು ಕ್ಯಾಸೆಟ್ಟಿನದೋ ಬೀದಿಯದೋ ತಿಳಿಯುತ್ತಿರಲಿಲ್ಲ. ನಡುವೆ ಕ್ಯಾಮೆರಾ ಒಮ್ಮೊಮ್ಮೆ ಕರ್ರೆಂದು ನರಳುವುದು. ನಮ್ಮಿಬ್ಬರ ಕೈಯೂ ನಿಂತುಬಿಡುವುದು. ನಾನು ರಾಯರನ್ನು ನೆನೆಯುವಷ್ಟರಲ್ಲಿ ಮತ್ತೆ ಗುಂಯ್!

ಡಬ್ಬದ ತಳ ಕಾಣುವ ಹೊತ್ತಿಗೆ ಮದುವೆ ಬಂತು. ಧಾರೆಯಾಯಿತು, ಅಕ್ಷತೆ ಬಿತ್ತು. ಹಸೆಯ ಮೇಲೆ ಮಗಳು ಅಳಿಯ ಕೂತರು. ಹೆಂಗಸರು ಆರತಿ ತಟ್ಟೆ ಎತ್ತಿದರು. ಅಷ್ಟರಲ್ಲಿ ಚಿತ್ರ ಗರಗರನೆ ತಿರುಗಿ, ಪರದೆಯ ತುಂಬ ಒಂದು ಸಾರಿನ ಬಕೆಟ್ಟು ನಿಂತಿತು!

ಬಕೆಟ್ಟು ಅಲ್ಲಾಡಲಿಲ್ಲ. ಅದರ ಒಂದೊಂದು ನೆಗ್ಗೂ, ಅಂಚಿನಿಂದ ಇಳಿದ ಸಾರಿನ ಗೆರೆಯೂ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಅದರ ಹಿಂದಿನಿಂದೆಲ್ಲೋ ಅಕ್ಕನ ಹಾಡು ಶುರುವಾಯಿತು. ತುಂಬು ದನಿ. ಎಷ್ಟು ಕಾಲವಾಗಿತ್ತು ಅದನ್ನು ಕೇಳಿ!

"ಭಾವ, ಅಕ್ಕ ಎಲ್ಲಿ?" ಎಂದೆ ಮೆಲ್ಲಗೆ.

"ಕ್ಯಾಮೆರಾನ ಮೇಜಿನ ಮೇಲೆ ಇಟ್ಬುಟ್ಟಿದ್ದೆ ಕಣಮ್ಮ. ನಿಲ್ಸೋದು ಮರ್ತೆ."

"ಯಾಕಿಟ್ರಿ? ಹಾಡಿನ ಹೊತ್ತಲ್ವೆ ತೆಗೀಬೇಕಾದ್ದು?"

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ, ತಮಗೇ ಹೇಳಿಕೊಳ್ಳುವವರ ಹಾಗೆ, "ಇವಳು ಹಾಡೋವಾಗ ಆ ಕ್ಯಾಮೆರಾ ಕಿಂಡೀಲಿ ನೋಡೋಕೆ ಮನಸ್ಸು ಬರ್ತಿರ್ಲಿಲ್ಲ" ಎಂದರು.

ಅಕ್ಕನ ಮಡಿಲಿಂದ ಕಾಳು ಉರುಳಿ ನೆಲದ ತುಂಬ ಹರಡಿದವು. ಯಾರೂ ಆಯ್ದುಕೊಳ್ಳಲಿಲ್ಲ. ಹಾಡು ಕೊನೆಯ ನುಡಿಯವರೆಗೂ, ಒಂದಕ್ಷರ ಕೆಡದೆ ಒಳಗೆ ಹೋಯಿತು. ಆಗ ಅಕ್ಕ ಎದ್ದು, ಅವರ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು. ಮನೆ ಅಷ್ಟು ನಿಶ್ಶಬ್ದವಾಗಿದ್ದರಿಂದ ನನಗೂ ಕೇಳಿಸಿತು:

"ಬಕೆಟ್ಟು ತುಂಬಾ ಚೆನ್ನಾಗ್ ಬಂದಿದೆ, ರೀ."